ಮಾವನವರ ಇಳಿಜಾರಿನ ಆಟ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಟಿ.ವಿ. ಮುಂದೆ ಕೂತಿದ್ದೆ. ನೋಡುವಂಥದ್ದೇನೂ ಇರಲಿಲ್ಲ, ಬೆರಳು ತಾನಾಗಿ ಚಾನೆಲ್ ಬದಲಿಸುತ್ತಿತ್ತು. ಒಂದು ಕಡೆ ಗಾಲ್ಫ್ ನಡೆದಿತ್ತು. ಯಾವ ದೇಶವೋ, ಹಸಿರು ಹಾಸಿದ ಗುಡ್ಡದ ಪಕ್ಕೆಯಲ್ಲಿ ಬಿಳಿ ಟೊಪ್ಪಿಗೆಯವನೊಬ್ಬ ಕೋಲು ಹಿಡಿದು ನಿಂತಿದ್ದ. ಚೆಂಡು ಅವನ ಪಾದಕ್ಕಿಂತ ಎತ್ತರದಲ್ಲಿತ್ತು. "ಎಡಕ್ಕ ಹೊಕ್ಕೈತಿ ನೋಡು" ಎಂದೆ. ಚೆಂಡು ಗಾಳಿಯಲ್ಲಿ ಎಡಕ್ಕೆ ವಾಲಿ ಮರಗಳೊಳಗೆ ಹೋಗಿ ಬಿತ್ತು. ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಸೊಸೆಯ ಕೈ ನಿಂತಿತು.

"ನಿಮಗ ಹೆಂಗ ಗೊತ್ತಾತ್ರಿ ಅತ್ತಿ?"

ಗೊತ್ತಾಗದೆ ಏನು? ಆ ಆಟವನ್ನು ನಾನು ಆಡಿದವಳು. ಅದೂ ಇಳಕಲ್ ಸೀರೆ ಉಟ್ಟು, ತಲೆಯ ಸೆರಗು ಜಾರದಂತೆ ಹಲ್ಲಲ್ಲಿ ಕಚ್ಚಿಕೊಂಡು. ನೀವು ನಗಬಹುದು. ಸೊಸೆಯೂ ನಕ್ಕಳು. ಆಮೇಲೆ ಸೊಪ್ಪು ಬದಿಗಿಟ್ಟು, "ಹೇಳ್ರಿ" ಎಂದಳು.

ನಾನು ಅಣ್ಣಿಗೇರಿಯವಳು. ನಮ್ಮ ಕಡೆಯ ಎರೆ ನೆಲದಲ್ಲಿ ಚೆಂಡನ್ನು ಕೆಳಗಿಟ್ಟರೆ ಇಟ್ಟಲ್ಲೇ ಇರುತ್ತದೆ. ಎತ್ತರ ಎಂದರೆ ನನಗೆ ಗೊತ್ತಿದ್ದದ್ದು ಕೆರೆಯ ಏರಿ, ಮೇವಿನ ಬಣವೆ, ರೈಲು ನಿಲ್ದಾಣದ ಕಟ್ಟೆ. ಎಂಬತ್ತರ ದಶಕದ ನಡುವಿನಲ್ಲಿ ಮದುವೆಯಾಗಿ ಕಲಘಟಗಿ ಕಡೆಯ ಹಳ್ಳಿಗೆ ಹೊರಟಾಗ, ಹುಬ್ಬಳ್ಳಿ ದಾಟಿದ ಮೇಲೆ ನೆಲ ಮೆಲ್ಲಗೆ ಏಳುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ಕೂತಿದ್ದೆ. ಗಂಡನ ಮನೆಯ ಹಿತ್ತಲಿಗೆ ಹತ್ತಿಕೊಂಡೇ ಒಂದು ಗುಡ್ಡ ಇತ್ತು. ದೊಡ್ಡದೇನಲ್ಲ, ಕೆಂಪು ಮಣ್ಣು, ಅಲ್ಲಲ್ಲಿ ಮತ್ತಿ ಮರ, ತಪ್ಪಲು ತುಂಬ ಕವಳಿ ಹಣ್ಣಿನ ಮುಳ್ಳುಕಂಟಿ. ನನಗೆ ಅದು ಮನೆಯವರೆಲ್ಲರಿಗಿಂತ ಹೆಚ್ಚು ಕುತೂಹಲದ ವಸ್ತುವಾಗಿತ್ತು. ಪಾತ್ರೆ ತಿಕ್ಕುತ್ತ ಅದನ್ನೇ ನೋಡುತ್ತಿದ್ದೆ. ಹಾಗೆ ನೋಡುವಾಗಲೇ ಒಂದು ಬೆಳಿಗ್ಗೆ ಮಾವನವರು ಹೆಗಲಿಗೆ ಉದ್ದನೆಯ ಚೀಲ ಏರಿಸಿಕೊಂಡು ಗುಡ್ಡ ಹತ್ತುವುದು ಕಂಡಿತು.

ಮಾವನವರು ತಮ್ಮ ಹರೆಯವನ್ನೆಲ್ಲ ನೀಲಗಿರಿಯ ಒಂದು ಚಹಾ ತೋಟದಲ್ಲಿ ಗುಮಾಸ್ತರಾಗಿ ಕಳೆದವರು. ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು, ಹೋಗುತ್ತಿದ್ದರು. ಅತ್ತೆ ಇಲ್ಲೇ ಉಳಿದು ಹೊಲ ನೋಡಿದರು, ಮಕ್ಕಳನ್ನು ಬೆಳೆಸಿದರು, ತಮ್ಮ ಅತ್ತೆಯನ್ನು ಕೊನೆಗಾಲದವರೆಗೆ ಸಾಕಿದರು. ನನ್ನ ಮದುವೆಗೆ ಸ್ವಲ್ಪ ಮುಂಚೆ ಮಾವನವರು ನಿವೃತ್ತರಾಗಿ ಊರಿಗೆ ಬಂದಿದ್ದರು. ಒಂದೇ ಮನೆಯಲ್ಲಿದ್ದರೂ ಇಬ್ಬರ ನಡುವೆ ಮಾತಿರಲಿಲ್ಲ. ಜಗಳವೂ ಇರಲಿಲ್ಲ. "ನಿಮ್ಮ ಮಾವಗ ಊಟಕ್ಕ ಬರಾಕ ಹೇಳು" ಎಂದು ಅತ್ತೆ ಒಳಗಿನಿಂದ ಹೇಳುವರು. ಮಾವನವರು ಪಡಸಾಲೆಯಲ್ಲೇ ಇರುತ್ತಿದ್ದರು. ಆ ಮಾತು ಅವರಿಗೆ ಕೇಳಿಸಿಯೇ ಇರುತ್ತಿತ್ತು. ಆದರೂ ನಾನು ಹೋಗಿ ಬಾಗಿಲ ಮರೆಯಲ್ಲಿ ನಿಂತು ಇನ್ನೊಮ್ಮೆ ಹೇಳಬೇಕು. ನನ್ನ ಗಂಡನನ್ನು ಕೇಳಿದರೆ, "ಅಪ್ಪನ ಸುದ್ದಿ ನನಗ ಕೇಳಬ್ಯಾಡ. ನಿನ್ನಷ್ಟ ನನಗೂ ಗೊತ್ತು" ಎಂದು ಅಂಗಿ ತೊಟ್ಟು ಹೊರಟುಬಿಡುವರು.

ಒಂದು ದಿನ ಅತ್ತೆ ಬುತ್ತಿ ಕಟ್ಟಿ ನನ್ನ ಕೈಗಿಟ್ಟರು. "ಗುಡ್ಡಕ್ಕ ಹೋಗಿ ನಿಮ್ಮ ಮಾವಗ ಕೊಟ್ಟ ಬಾ. ದಿನಾ ಅಲ್ಲೇನ ಮಾಡತಾರ ನೋಡ್ಕೊಂಡು ಬಾ. ಊರಾಗಿನವ್ರು ಒಬ್ಬೊಬ್ಬರು ಒಂದೊಂದ ಅಂತಾರ."

ಊರಿನವರ ಪ್ರಕಾರ ಅವರು ನಿಧಿ ಹುಡುಕುತ್ತಿದ್ದರು. ನಾನು ಕಂಡದ್ದು ಬೇರೆ. ಗುಡ್ಡದ ಪಕ್ಕೆಯಲ್ಲಿ, ಕುರಿ ಮೇದು ಹುಲ್ಲು ಗಿಡ್ಡಾದ ಕಡೆಗಳಲ್ಲಿ ತೊಗರಿ ಕಟ್ಟಿಗೆ ನೆಟ್ಟು, ಹಳೆಯ ಧೋತರದ ಚಿಂದಿ ಕಟ್ಟಿದ್ದರು. ಪ್ರತಿ ಕಟ್ಟಿಗೆಯ ಬುಡಕ್ಕೂ ಒಂದು ಹಾಲಿನಪುಡಿಯ ಡಬ್ಬಿಯನ್ನು ಬಾಯಿ ಮೇಲಾಗಿ ಹೂತಿದ್ದರು. ಡಬ್ಬಿಯ ಸುತ್ತ ರಾಶಿ ಮಾಡುವ ಕಣದಂತೆ ಸಗಣಿ ಸಾರಿಸಿತ್ತು. ಮಾವನವರು ಒಂದು ಕೋಲಿನಿಂದ ಬಿಳಿಯ ಪುಟ್ಟ ಚೆಂಡನ್ನು ಹೊಡೆದು, ಅದು ಹೋಗಿ ನಿಂತಲ್ಲಿಗೆ ನಡೆದು, ಮತ್ತೆ ಹೊಡೆಯುತ್ತಿದ್ದರು. ಅಷ್ಟೇ. ಜೊತೆಗೆ ಯಾರೂ ಇರಲಿಲ್ಲ.

ಬುತ್ತಿಯನ್ನು ಬಂಡೆಯ ಮೇಲಿಟ್ಟು ಮರಳಬೇಕಿತ್ತು. ನನ್ನ ಕಾಲು ಏಳಲಿಲ್ಲ. "ಚೆಂಡು ಆ ಕಡೆ ಹೊಡದ್ರಿ, ಈ ಕಡೆ ಯಾಕ ಬಂತ್ರಿ?" ಎಂದು ಕೇಳಿಯೇಬಿಟ್ಟೆ. ಮಾವನೆದುರು ನಾನಾಡಿದ ಮೊದಲ ಸ್ವಂತ ಮಾತು ಅದು.

ಅವರು ತಿರುಗಿ ನನ್ನನ್ನು ನೋಡಿದರು. ಆಮೇಲೆ, ಇಷ್ಟು ದಿನ ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ ಶುರು ಮಾಡಿದರು. "ಗುಡ್ಡದ ಮ್ಯಾಲೆ ಆಡೂದಂದ್ರ ಮೊದಲು ಹೊಡಿಯೂದಲ್ಲವಾ. ಮೊದಲು ಅಡ್ಡಾಡಬೇಕು. ಮಳಿ ನೀರು ಎತ್ತಾಗ ಹರದೈತಿ ನೋಡು. ಚೆಂಡೂ ಅತ್ತಾಗ ಹೊಕ್ಕೈತಿ."

ಅಂದಿನಿಂದ ಬುತ್ತಿ ಒಯ್ಯುವುದು ನನ್ನ ಕೆಲಸವಾಯಿತು. ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ ಗುಡ್ಡದ ಮೇಲೆ ಮಾತಿನ ಮಲ್ಲ. ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಆದ್ದರಿಂದ ಬಲಕ್ಕೆ ಗುರಿ ಇಡು; ಕೆಳಗಿದ್ದರೆ ಬಲಕ್ಕೆ, ಎಡಕ್ಕೆ ಗುರಿ ಇಡು. ಹೆಗಲು ಗುಡ್ಡದ ಹಾಗೆಯೇ ಓರೆಯಾಗಿರಲಿ, ಗುಡ್ಡದೊಂದಿಗೆ ಜಗ್ಗಾಡಬೇಡ. ಏರಿಗೆ ಹೊಡೆಯುವಾಗ ಉದ್ದನೆಯ ಕೋಲು, ಇಳಿಜಾರಿಗೆ ಗಿಡ್ಡದು. ಚೆಂಡು ಬೀಳಬೇಕಾದ ಡಬ್ಬಿಯ ಕುಣಿಯನ್ನು ದಾಟಿ ಮೇಲೆ ನಿಲ್ಲಬಾರದು, ಕೆಳಗೇ ನಿಲ್ಲಬೇಕು. "ಏರಿಗೆ ತಳ್ಳೂದು ಹಗೂರ. ಇಳಕಲಕ್ಕ ತಳ್ಳಿದಿ ಅಂದ್ರ ಮನಿತನಕ ಹೊಕ್ಕೈತಿ" ಎನ್ನುವರು. ಇನ್ನೊಂದು ಮಾತನ್ನು ಮೇಲಿಂದ ಮೇಲೆ ಹೇಳುತ್ತಿದ್ದರು: "ಕೆಟ್ಟ ಜಾಗಾದಾಗ ಬಿದ್ದಾಗ ಕುಣಿ ಕಡೆ ನೋಡಬ್ಯಾಡ. ಮೊದಲು ಸಪಾಟ ಜಾಗಾಕ್ಕ ತಂದ್ಕೋ. ಒಂದ ಹೊಡತ ಹೋದ್ರ ಹೋಗಲಿ."

ನನ್ನ ಮೊದಲ ಹೊಡೆತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಲನ್ನು ಗುದ್ದಲಿಯಂತೆ ಎತ್ತಿ ಬೀಸಿದೆ. ಚೆಂಡು ಇದ್ದಲ್ಲೇ ಇತ್ತು, ಒಂದು ಹೆಂಟೆ ಮಣ್ಣು ಬಹಳ ದೂರ ಹೋಯಿತು. ಮಾವನವರು ಮುಖ ಆ ಕಡೆ ತಿರುಗಿಸಿಕೊಂಡರು. ನಕ್ಕಿರಬೇಕು.

ಆಟ ಎಲ್ಲಿ ಕಲಿತಿರೆಂದು ಕೇಳಿದ್ದೆ. ತೋಟದ ಹತ್ತಿರ ಅಧಿಕಾರಿಗಳ ಕ್ಲಬ್ಬಿತ್ತಂತೆ, ಗುಡ್ಡದ ಮೇಲೇ ಮೈದಾನ. ವಾರಕ್ಕೊಂದು ದಿನ ಗುಮಾಸ್ತರಿಗೂ ಆಡಲು ಬಿಡುತ್ತಿದ್ದರು. ಊರಿಗೆ ಹೊರಟಾಗ ಹಳೆಯ ಕೋಲುಗಳನ್ನು ಕೊಟ್ಟು ಕಳಿಸಿದರಂತೆ. ಇಷ್ಟನ್ನು ನಾನು ಮನೆಗೆ ಬಂದು ಒಪ್ಪಿಸಿದಾಗ ಅತ್ತೆ ಹಿಟ್ಟು ನಾದುತ್ತ ಅಂದರು, "ಅಂದ್ರ ನಾವಿಲ್ಲೆ ಕಳೆ ತಗದ್ವಿ, ಅವ್ರಲ್ಲೆ ಆಟ ಆಡಿದ್ರು."

ಮುಂಗಾರು ಮುಗಿಯುತ್ತ ಬಂದಿದ್ದ ಒಂದು ದಿನ ಮಾವನವರು ಆಡಲಿಲ್ಲ. ಬಂಡೆಯ ಮೇಲೆ ಕೂತು, "ಚಳಿಗಾಲಕ್ಕ ನಾ ತಿರುಗಿ ಅಲ್ಲೇ ಹೋಗಿಬಿಡಬೇಕಂತೇನಿ" ಎಂದರು. "ಕ್ಲಬ್ಬಿನಾಗ ಸಣ್ಣದೊಂದ ಕೆಲಸ ಐತಿ. ಇಲ್ಲೆ ಎಲ್ಲಾ ನಾನಿಲ್ಲದ ಚಂದಾಗಿ ನಡದೈತಿ. ಮನಿಗೆ ಬಂದ ಪಾವಣ್ಯಾನ ಗತೆ ಎಷ್ಟ ದಿನ ಇರೂದು?"

ಯಾರಿಗೂ ಹೇಳಬೇಡ ಎಂದು ಅವರು ಹೇಳಲಿಲ್ಲ. ಹೇಳು ಎಂದೂ ಹೇಳಲಿಲ್ಲ. ಆ ಸಂಜೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಒಲೆಯ ಮುಂದೆ ಬೇಯಿಸುತ್ತಿದ್ದೆ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿಬಿಟ್ಟೆ. ಅತ್ತೆಯ ಕೈ ನಿಲ್ಲಲಿಲ್ಲ. ಆದರೆ ಆ ರೊಟ್ಟಿ ಬಹಳ ತೆಳ್ಳಗಾಗಿ ನಡುವೆ ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಬಡಿಯತೊಡಗಿದರು. ಬೆಳಿಗ್ಗೆ ಬುತ್ತಿಯನ್ನು ತಾವೇ ಎತ್ತಿಕೊಂಡರು. "ಇವತ್ತ ನಾ ಹೊಕ್ಕೇನಿ. ನೀನೂ ನಡಿ."

ಗುಡ್ಡದ ಮೇಲೆ ಅವರ ಕಣ್ಣು ಮೊದಲು ಬಿದ್ದದ್ದು ಕೋಲಿನ ಮೇಲಲ್ಲ, ಸಾರಿಸಿದ ನೆಲದ ಮೇಲೆ. "ಇದನ್ನ ಯಾರು ಸಾರಿಸಿದ್ರು?"

"ನಾನ" ಎಂದರು ಮಾವನವರು.

"ನೀವು?" ಅತ್ತೆ ಅವರ ಕೈಗಳನ್ನು ನೋಡಿದರು. ಮನೆಯಲ್ಲಿ ನೀರಿನ ತಂಬಿಗೆ ಎತ್ತಿಡದ ಕೈ. ನನ್ನನ್ನು ಹಳ್ಳಕ್ಕೆ ನೀರಿಗೆ ಕಳಿಸಿ, ಸೀರೆ ಮೇಲೆ ಕಟ್ಟಿ ಕೂತು, ದೇವರ ಮನೆಯ ನೆಲದಂತೆ ನುಣ್ಣಗೆ ಸಾರಿಸಿದರು. ಮರುದಿನ ಒಣಗಿದ ಮೇಲೆ ಮತ್ತೆ ಮೂವರೂ ಹೋದೆವು. ಮಾವನವರು ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಆ ನುಣುಪಿನ ಮೇಲೆ ಎಲ್ಲೂ ತಡೆಯದೆ, ಕುಣಿಯ ಅಂಚು ಸವರಿಕೊಂಡು, ಆ ಕಡೆಗೆ ಇಳಿದು, ಗುಡ್ಡದ ಕೆಳಗೆ ಹೊರಟೇ ಹೋಯಿತು. ಅದನ್ನು ನೋಡುತ್ತ ನಿಂತ ಮಾವನವರು ನಗತೊಡಗಿದರು. ಅತ್ತೆ ಮೊದಲು ಮುಖ ಗಂಟು ಹಾಕಿ, ಆಮೇಲೆ ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ನೀನೂ ಒಂದ ಹೊಡಿ, ಗೌರಿ" ಎಂದರು ಮಾವನವರು. ಅತ್ತೆಯ ಹೆಸರು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಕೋಲು ತೆಗೆದುಕೊಂಡರು. ಎಡ, ಬಲ, ಹೆಗಲು ಎಂದು ಮಾವನವರು ಹೇಳುತ್ತಲೇ ಇದ್ದರು; ಇವರು ಒಂದನ್ನೂ ಕೇಳಿಸಿಕೊಳ್ಳದೆ ಇದ್ದ ಬಲವನ್ನೆಲ್ಲ ಹಾಕಿ ಬೀಸಿದರು. ಅಷ್ಟೂ ವರ್ಷದ ಸಿಟ್ಟು ಆ ಬೀಸಿನಲ್ಲಿತ್ತೆಂದು ನನಗೆ ಅನ್ನಿಸಿತು. ಚೆಂಡು ಮತ್ತಿ ಮರದ ಮೇಲೆ ಹಾರಿ ತಪ್ಪಲಿನ ಕವಳಿ ಕಂಟಿಯಲ್ಲಿ ಮಾಯವಾಯಿತು.

"ಹೋಗಲಿ ಬಿಡು, ಬ್ಯಾರೆ ಅದಾವು."

"ಬಿಡಾಕ ಹೆಂಗ ಬರತೈತಿ?" ಎನ್ನುತ್ತ ಅತ್ತೆ ಆಗಲೇ ಇಳಿಯುತ್ತಿದ್ದರು. ಮಾವನವರು ಹಿಂದೆ ಹೋದರು. ಕಂಟಿಯಲ್ಲಿ ಇಬ್ಬರೂ ಬಗ್ಗಿ ಬಹಳ ಹೊತ್ತು ಹುಡುಕಿದರು. ಆಮೇಲೆ ಒಂದು ಬಂಡೆಯ ಮೇಲೆ ಕೂತರು. ಗಾಳಿ ಕೆಳಗಿನಿಂದ ಬೀಸುತ್ತಿತ್ತು, ಮಾತು ತಾನಾಗಿ ನನ್ನವರೆಗೆ ಬಂತು.

"ಅಲ್ಲೆ ರೊಟ್ಟಿ ಯಾರು ಮಾಡಿಕೊಡ್ತಿದ್ರು?"

"ರೊಟ್ಟಿ ಎಲ್ಲಿಂದ ಬರಬೇಕು? ಬರೇ ಅನ್ನ."

ಅತ್ತೆ ಕೇಳಿದರು, "ನನ್ನ ಯಾಕ ಕರಕೊಂಡು ಹೋಗಲಿಲ್ಲ?"

"ಅವ್ವ ಬಿಡಲಿಲ್ಲ."

"ಅತ್ತಿ ಹೋದ ಮ್ಯಾಲೆ?"

ಮಾವನವರು ಧೋತರಕ್ಕೆ ಹತ್ತಿದ ಮುಳ್ಳು ಕೀಳತೊಡಗಿದರು. "ಅಷ್ಟೊತ್ತಿಗೆ ಕೇಳಾಕ ಧೈರ್ಯ ಉಳಿದಿರಲಿಲ್ಲ. ನೀ ಒಲ್ಲೆ ಅಂದ್ರ ಏನ ಮಾಡಬೇಕಾಗಿತ್ತು?"

"ಕೇಳಬೇಕಾಗಿತ್ತು."

"ಈಗ ಕೇಳತೇನಿ."

ದೀಪಾವಳಿ ಮುಗಿದ ಮೇಲೆ ಇಬ್ಬರೂ ನೀಲಗಿರಿಗೆ ಹೊರಟರು. ರೊಟ್ಟಿ, ಶೇಂಗಾ ಚಟ್ನಿಪುಡಿ, ಹೊದೆಯಲು ಎರಡು ಕೌದಿಗಳ ಗಂಟು. ಮಾವನವರು ಕೆಲಸಕ್ಕೆ ಸೇರಲಿಲ್ಲ. ಕೆಲವು ವಾರ ಇದ್ದು ಜೊತೆಯಾಗಿಯೇ ಮರಳಿದರು. ಬಂದ ಸಂಜೆ ನಾನು ಅತ್ತೆಯ ಹಿಂದೆ ಬಿದ್ದೆ: ಗುಡ್ಡ ಹೇಗಿದೆ, ಮೈದಾನ ಹೇಗಿದೆ, ಚಳಿ ಎಷ್ಟು. ಅವರು ಅದಕ್ಕೆಲ್ಲ "ಚಂದ ಐತಿ" ಎಂದಷ್ಟೇ ಅಂದರು. ಬಿಚ್ಚಿದ ಕೌದಿಯನ್ನು ಮಡಿಸುತ್ತ ಬಹಳ ಹೊತ್ತಾದ ಮೇಲೆ ಹೇಳಿದರು:

"ಅವ್ರು ಇದ್ದ ಖೋಲಿ ತೋರಿಸಂದೆ. ಈಗ ಬ್ಯಾರೆ ಯಾರೋ ಅದಾರ, ಪಾಪ, ಒಳಗ ಕರದ್ರು. ಒಂದ ಮಂಚ ಹಿಡಿತೈತಿ, ಅಷ್ಟ. ಒಂದ ಕಿಟಕಿ, ಅದರ ಮುಂದ ಗ್ವಾಡಿ. ನಾ ಇಷ್ಟ ವರ್ಷ ಅವ್ರು ಅಲ್ಲೆ ಮಜಾ ಮಾಡಾಕತ್ತಾರ ಅನಕೊಂಡಿದ್ದೆ ನೋಡು. ಆ ಮಂಚದ ಮ್ಯಾಲೆ ಸ್ವಲ್ಪ ಹೊತ್ತು ಕುಂತ ಬಂದೆ."

ಆಮೇಲೆ ಅವರಿಬ್ಬರೂ ಬಹಳ ವರ್ಷ ಗುಡ್ಡ ಹತ್ತಿದರು. ಅತ್ತೆ ಮತ್ತೆ ಕೋಲು ಹಿಡಿಯಲಿಲ್ಲ. ಚೆಂಡು ಎಲ್ಲಿ ಬಿತ್ತೆಂದು ನೋಡುವುದು ಅವರ ಪಾಲಿನ ಕೆಲಸ. ಈಗ ಇಬ್ಬರೂ ಇಲ್ಲ. ಆ ಪಕ್ಕೆಯ ತುಂಬ ಈಗ ಗಿಡ ನೆಟ್ಟಿದ್ದಾರೆ, ಆಡಲು ಜಾಗವೂ ಇಲ್ಲ.

ಕತೆ ಮುಗಿದಾಗ ಸೊಸೆ ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಅಲ್ಲೇ ಕೂತೆ. ಸಂಜೆಯಾಗಿತ್ತು. ನನ್ನ ಗಂಡ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗುವ ಸಪ್ಪಳ ಕೇಳಿಸಿತು. ಧಾರವಾಡದ ಈ ಮನೆಗೆ ಬಂದಾಗಿನಿಂದ ದಿನವೂ ಇದೇ ಹೊತ್ತಿಗೆ ಹೋಗುತ್ತಾರೆ, ಕತ್ತಲಾದ ಮೇಲೆ ಇಳಿಯುತ್ತಾರೆ. ಮಾವನನ್ನು ಆ ಮೊದಲ ದಿನವೇ ಪ್ರಶ್ನೆ ಕೇಳಿದ ನಾನು, ಇವರನ್ನು ಮಾಳಿಗೆಗೆ ಯಾಕೆಂದು ಒಮ್ಮೆಯೂ ಕೇಳಿರಲಿಲ್ಲ. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಹತ್ತಿದೆ.

ಅವರು ಕಟ್ಟೆಗೆ ಕೈಯೂರಿ ಪಕ್ಕದ ಹಿತ್ತಲಿನ ದೊಡ್ಡ ಆಲದ ಮರವನ್ನು ನೋಡುತ್ತಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟರು.

"ಏನ ನೋಡತೀರಿ?"

"ಬಾವಲಿ. ಇನ್ನೇನ ಹೊಂಡತಾವು, ನಿಲ್ಲು."

ಮರದ ನೆತ್ತಿಯಿಂದ ಮೊದಲು ಒಂದು ಎದ್ದಿತು, ಆಮೇಲೆ ನಾಲ್ಕಾರು, ಆಮೇಲೆ ಆಕಾಶದ ಆ ಭಾಗವೇ ಕಪ್ಪಾಗಿ ಸರಿಯತೊಡಗಿತು.

"ಎಲ್ಲಿಗೆ ಹೊಕ್ಕಾವ್ರಿ?"

"ಅದು ನನಗೂ ಗೊತ್ತಿಲ್ಲ" ಎಂದರು. "ಅದಕ್ಕ ದಿನಾ ಬರತೇನಿ."