ದಾಯೆಂಗ್ ಸಿಂಗಾರ ಮತ್ತು ಕಚ್ಚುವ ನೀರು

ಪಾವೊತೆರೆ ಬಂದರಿನ ಹಿಂಬದಿಯ ಓಣಿಯಲ್ಲಿ ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ. ಅದರ ಒಡತಿ ದಾಯೆಂಗ್ ಸಿಂಗಾರ ನನ್ನ ಸಹಪಾಠಿ. ದಾಯೆಂಗ್ ಎಂಬುದು ನಮ್ಮಲ್ಲಿ ಗಂಡಸು ಹೆಂಗಸೆನ್ನದೆ ಹೆಸರಿನ ಮುಂದೆ ಸೇರಿಸುವ ಗೌರವದ ಮಾತು. ಶಾಲೆಯಲ್ಲಿ ಲೆಕ್ಕದಲ್ಲೂ ನನಗಿಂತ ಮುಂದಿದ್ದಳು, ಜಗಳದಲ್ಲೂ ಮುಂದಿದ್ದಳು. ಅಪ್ಪ ತೀರಿಕೊಂಡು ಅಂಗಡಿ ಕೈಗೆ ಬಂದಾಗ ಆಕೆಗೆ ಇಪ್ಪತ್ತೆರಡು. ಹೆಂಗಸಿನ ಕೈಗೆ ಹಡಗಿನ ಮೋಟಾರು ಕೊಡುವುದೇ ಎಂದು ಮೂಗು ಮುರಿದವರೆಲ್ಲ ಎರಡು ವರ್ಷದೊಳಗೆ ಅವಳ ಬಾಗಿಲಿಗೇ ಬಂದು ಕೂತರು. ಸುತ್ತಿ ಮುಗಿಸಿದ ಪ್ರತಿ ಸುರುಳಿಯ ಕೊನೆಗೆ ಆಕೆ ಕೆಂಪು ನೂಲಿನಿಂದ ಮೂರು ಗಂಟು ಹಾಕುತ್ತಾಳೆ. ಅವರಪ್ಪ ಎರಡು ಹಾಕುತ್ತಿದ್ದರು. ಯಾಕೆ ಇದು ಎಂದು ಕೇಳಿದರೆ, "ಕೆಟ್ಟುಹೋದ್ರೆ ಯಾರನ್ನ ಬೈಬೇಕು ಅಂತ ಗೊತ್ತಿರ್ಲಿ" ಎನ್ನುತ್ತಾಳೆ.

ಅಂಥ ಸಂದರ್ಭ ಬಂದದ್ದು ನನ್ನ ಪಕ್ಕದ ಮನೆಯಲ್ಲಿ.

ಪಕ್ಕದ ಮನೆಯ ದಾಯೆಂಗ್ ರೇವಾ ಮೂವತ್ತು ವರ್ಷ ಪ್ರಯಾಣಿಕರ ಹಡಗಿನಲ್ಲಿ ಎಂಜಿನ್ ನೋಡಿಕೊಂಡು ನಿವೃತ್ತರಾದವರು. ಕಡಲು ಬಿಟ್ಟು ಬರುವಾಗ ಒಂದು ತುಂಡು ಕಡಲನ್ನೂ ಮನೆಗೆ ತಂದರು. ನಡುಮನೆಯಲ್ಲಿ ಒಂದೂವರೆ ಮೀಟರ್ ಉದ್ದದ ಗಾಜಿನ ತೊಟ್ಟಿ, ಉಪ್ಪುನೀರು, ಅದರಲ್ಲಿ ಬೆರಳಿನಂಥ ಎಳೆಗಳನ್ನು ಆಡಿಸುವ ಕಡಲಹೂವೆಂಬ ಒಂದು ಜೀವಿ, ಆ ಎಳೆಗಳ ನಡುವೆ ಮಲಗುವ ಕಿತ್ತಳೆ ಬಣ್ಣದ ಮೀನಿನ ಜೋಡಿ. ಹನ್ನೊಂದು ವರ್ಷದಿಂದ ಅದೇ ಜೋಡಿ. ಬೆಳಿಗ್ಗೆ ನಮಾಜು ಮುಗಿಸಿ ಅವರು ಮೊದಲು ಮಾತಾಡಿಸುವುದು ಹೆಂಡತಿಯನ್ನಲ್ಲ, ಆ ಮೀನುಗಳನ್ನು. ಇದು ನನ್ನ ಮಾತಲ್ಲ, ಅವರ ಹೆಂಡತಿ ದಾಯೆಂಗ್ ಕಾನಂಗ್ ಅವರದ್ದು.

ಆ ಕಾನಂಗ್ ಅವರೇ ಎರಡು ತಿಂಗಳಿಂದ ಒಂದೇ ದೂರು ಹೇಳುತ್ತಿದ್ದರು: "ನೀರು ಕಚ್ಚುತ್ತೆ ರೀ." ಗಾಜು ಒರೆಸಲು ಕೈ ಅದ್ದಿದರೆ ಮೊಣಕೈವರೆಗೆ ಜುಮ್ಮೆನ್ನುತ್ತದಂತೆ. ರೇವಾ ಮೊಣಕೈವರೆಗೆ ಕೈ ಮುಳುಗಿಸಿ ತೋರಿಸುತ್ತಿದ್ದರು, "ಎಲ್ಲಿ? ನಂಗೇನೂ ಇಲ್ವಲ್ಲ?" ಬೆರಳಲ್ಲಿ ಗಾಯ ಇರಬೇಕು ಎಂದರು, ಆಮೇಲೆ ವಯಸ್ಸಾಯಿತು, ನರದ ತೊಂದರೆ ಎಂದರು.

ನಾನು ಸುಮ್ಮನಿರಬಾರದೇ? ನನ್ನ ಅಕ್ಕನ ಮಗನಿಗೆ ಕರೆಂಟಿನ ಕೆಲಸ ಗೊತ್ತು ಎಂದು ಕಳಿಸಿದೆ. ಅವನು ನೀರಿನಿಂದ ನಲ್ಲಿಯ ಕೊಳವೆಗೆ ಒಂದು ತಾಮ್ರದ ತಂತಿ ಎಳೆದು, ಇನ್ನು ಕರೆಂಟೆಲ್ಲ ನೆಲಕ್ಕೆ ಹೋಗುತ್ತೆ ಎಂದು ಕಾಫಿ ಕುಡಿದು ಹೋದ. ಮರುದಿನ ಕಾನಂಗ್ ಅವರನ್ನು ನೀರು ಮತ್ತೆ ಕಚ್ಚಿತು. "ತಂತೀನೂ ಹಾಕ್ಸಿದ್ದಾಯ್ತು. ಇನ್ನೂ ಕಚ್ಚುತ್ತೆ ಅಂದ್ರೆ ಕಚ್ತಿರೋದು ನಿನ್ನ ತಲೆಯೊಳಗೇ," ಎಂದರು ರೇವಾ. ಆ ಮಾತು ಗೋಡೆಯಾಚೆ ನನಗೂ ಕೇಳಿಸಿತು. ಕೇಳಿ ನನಗೇ ಬೇಸರವಾಯಿತು.

ಅಷ್ಟರಲ್ಲಿ ಕೆಂಡಾರಿಯಲ್ಲಿದ್ದ ಅವರ ಮಗಳು ಫೋನ್ ಮಾಡಿದಳು. ಆಕೆಗೆ ದೂರದ ಊರಿಗೆ ವರ್ಗವಾಗಿತ್ತು. ಆಕೆಯ ನಾಲ್ಕು ವರ್ಷದ ಮಗು ಶುಕ್ರವಾರ ಇಲ್ಲಿಗೆ ಬಂದು ಅಜ್ಜ ಅಜ್ಜಿಯ ಹತ್ತಿರವೇ ಇರುವುದೆಂದಾಯಿತು. ಕಾನಂಗ್ ಒಂದೇ ಮಾತಿನಲ್ಲಿ ಮುಗಿಸಿದರು: "ಕಂಡದ್ದಕ್ಕೆಲ್ಲ ಕೈ ಹಾಕೋ ವಯಸ್ಸು ಅದಕ್ಕೆ. ಮಗು ಬರೋಕ್ ಮುಂಚೆ ಈ ತೊಟ್ಟಿ ಹೋಗ್ಬೇಕು. ಇಲ್ಲಾಂದ್ರೆ ಮಗು ಬರೋದು ಬೇಡ." ತಾಮಲನ್ರೆಯಾ ಕಡೆಯ ಒಬ್ಬಾತ ಗುರುವಾರ ಸಂಜೆ ಗಾಡಿ ತಂದು ತೊಟ್ಟಿ, ಮೀನು ಎಲ್ಲವನ್ನೂ ಒಯ್ಯುವುದೆಂದು ಮಾತಾಯಿತು. ರೇವಾ ಊಟ ಬಿಟ್ಟರು. ಬುಧವಾರ ಬೆಳಿಗ್ಗೆ ನಾನು ಸಿಂಗಾರಳ ಅಂಗಡಿಗೆ ಹೋದೆ.

ಆಕೆ ಬಂದು ಎಲ್ಲರಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಮೊದಲು ನೋಡಿದ್ದು ತೊಟ್ಟಿಯನ್ನಲ್ಲ, ರೇವಾ ಅವರ ಕಾಲನ್ನು.

"ಮನೆಯೊಳಗೆ ರಬ್ಬರ್ ಚಪ್ಪಲಿ ಹಾಕ್ತೀರಾ ದಾಯೆಂಗ್?"

"ಹಿಮ್ಮಡಿ ನೋವಮ್ಮ, ಡಾಕ್ಟ್ರು ಹೇಳಿದ್ದು. ಹೊರಗಿನ ಧೂಳು ಕಂಡಿದ್ದಲ್ಲ ಇವು."

ಸಿಂಗಾರ ಹೂಂ ಎಂದು ಚೀಲದಿಂದ ವೋಲ್ಟ್ ಅಳೆಯುವ ಮೀಟರ್ ತೆಗೆದಳು. ಹಿತ್ತಲಲ್ಲಿ ಬಾವಿಕಟ್ಟೆಯ ಪಕ್ಕದ ಒದ್ದೆ ಮಣ್ಣಿಗೆ ಕಬ್ಬಿಣದ ಸಲಾಕೆ ಹೊಡೆದು, ಅದರಿಂದ ಉದ್ದದ ತಂತಿ ಎಳೆದು ತಂದು ಮೀಟರಿಗೆ ಕೊಟ್ಟಳು. ಮೀಟರಿನ ಇನ್ನೊಂದು ತಂತಿಯ ತುದಿಯನ್ನು ನೀರಿಗೆ ಬಿಟ್ಟಳು. ತೊಂಬತ್ತಾರು ವೋಲ್ಟ್. ರೇವಾ ಅವರ ಮುಖ ಸಣ್ಣಗಾಯಿತು. ಆಕೆ ನಲ್ಲಿಯ ಕೊಳವೆಯ ಜಾಡು ಹಿಡಿದು ಗೋಡೆಯಾಚೆ ಹೋಗಿ ನೋಡಿ ಬಂದಳು.

"ಹೊರಗೆಲ್ಲ ಪ್ಲಾಸ್ಟಿಕ್ ಕೊಳವೆ ಹಾಕ್ಸಿದ್ದೀರಿ. ಒಳಗೆ ಒಂದು ಮೊಳ ಮಾತ್ರ ಕಬ್ಬಿಣ. ಕರೆಂಟು ನೆಲಕ್ಕೆ ಹೋಗೋದು ಹೇಗೆ? ಯಾರಪ್ಪ ಇದಕ್ಕೆ ತಂತಿ ಕಟ್ಟಿದ ಮಹಾನುಭಾವ?"

ನಾನು ಮಾಡಿನ ಹಂಚು ಎಣಿಸತೊಡಗಿದೆ.

"ಸರಿ, ಒಂದೊಂದೇ ಆರ್ಸಿ ನೋಡೋಣ," ಎಂದಳು. ರೇವಾ ಒಂದೊಂದೇ ಸ್ವಿಚ್ ಆರಿಸಿದರು. ದೀಪ ಆರಿತು, ಅಂಕಿ ಕೊಂಚ ಇಳಿಯಿತು. ಅಲೆ ಎಬ್ಬಿಸುವ ಫ್ಯಾನು ನಿಂತಿತು, ಅಂಕಿ ಹಾಗೇ ಇತ್ತು. ತೊಟ್ಟಿಯ ಕೆಳಗಿನ ಪೆಟ್ಟಿಗೆಯಲ್ಲಿ ನೀರು ಮೇಲೆತ್ತುವ ದೊಡ್ಡ ಪಂಪಿನ ಸ್ವಿಚ್ ಆರಿಸಿದಾಗ ಅಂಕಿ ಇಳಿಯುವುದರ ಬದಲು ನೂರೈವತ್ತಕ್ಕೆ ಏರಿತು.

ರೇವಾ ನಕ್ಕರು. "ನೋಡಿದ್ಯಾ? ಎಲ್ಲ ಆರ್ಸಿದ್ರೂ ಜಾಸ್ತಿ ಆಗುತ್ತೆ. ನಿನ್ನ ಮೀಟ್ರು ಕೆಟ್ಟಿದೆ."

"ಮೀಟ್ರು ಚೆನ್ನಾಗೇ ಇದೆ. ನಿಮ್ಮ ಸ್ವಿಚ್ಚೇ ಸುಳ್ಳು ಹೇಳ್ತಿರೋದು. ನಮ್ಮ ಎರಡು ಕಡ್ಡಿ ಪ್ಲಗ್ ಯಾವ ಕಡೆ ತಿರುಗಿಸಿದ್ರೂ ಒಳಗೆ ಹೋಗುತ್ತೆ. ಸ್ವಿಚ್ ಒಂದು ದಾರಿ ಮಾತ್ರ ಮುಚ್ಚುತ್ತೆ. ಕರೆಂಟು ಇನ್ನೊಂದು ದಾರೀಲಿ ಬಂದು ಪಂಪಿನೊಳಗೇ ಕೂತಿದೆ. ಪ್ಲಗ್ ಕೀಳಿ."

ಪಂಪಿನ ಪ್ಲಗ್ ಕಿತ್ತದ್ದೇ ತಡ, ಅಂಕಿ ಒಂಬತ್ತಕ್ಕೆ ಬಿತ್ತು. ಉಳಿದ ಪ್ಲಗ್‌ಗಳನ್ನೂ ಕಿತ್ತ ಮೇಲೆ ಸೊನ್ನೆ. ಪಂಪು ನಿಂತರೆ ಕಡಲಹೂವು ಬಾಡುತ್ತದೆ ಎಂದು ರೇವಾ ಪ್ಲಾಸ್ಟಿಕ್ ಚೊಂಬಿನಿಂದ ನೀರು ಎತ್ತಿ ಸುರಿಯುತ್ತ ನಿಂತರು. ಸ್ವಲ್ಪ ಹೊತ್ತಿಗೆ ಅವರ ತೋಳು ಸೋತದ್ದು ಕಂಡು ಕಾನಂಗ್ ಚೊಂಬು ಕಿತ್ತುಕೊಂಡು ತಾವೇ ಸುರಿಯತೊಡಗಿದರು. ಎರಡು ತಿಂಗಳು ಕಚ್ಚಿಸಿಕೊಂಡ ಕೈ ಅದು.

ಸಿಂಗಾರ ಪಂಪನ್ನು ಅಂಗಳಕ್ಕೆ ಒಯ್ದು ಬಿಚ್ಚಿದಳು. ಸುರುಳಿಯ ಮೇಲೆ ನೀರು ತಾಗದಂತೆ ಹೊಯ್ದಿದ್ದ ಗಟ್ಟಿ ಅಂಟಿನಲ್ಲಿ ಕೂದಲೆಳೆಯ ಬಿರುಕಿತ್ತು, ಬಿರುಕಿನುದ್ದಕ್ಕೂ ಬಿಳಿ ಉಪ್ಪು. ಅಂಟನ್ನು ಕೆತ್ತಿ ತೆಗೆದಳು. ಒಳಗೆ ಬಣ್ಣ ಮಾಸಿದ ಕೆಂಪು ನೂಲು. ಮೂರು ಗಂಟು.

ಅದನ್ನು ಕಂಡದ್ದು ನಾವಿಬ್ಬರೇ. ನಾನಾಗಿದ್ದರೆ ಪಂಪು ಹಳೆಯದಾಗಿದೆ ಎಂದು ಹೇಳಿ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದೆ. ಆಕೆಯ ಮೂವತ್ತಾರು ವರ್ಷದ ಹೆಸರು ಆ ನೂಲಿನ ತುದಿಯಲ್ಲಿತ್ತು. ಆಕೆ ಪಂಪು ಹಿಡಿದು ನೇರ ಕಾನಂಗ್ ಅವರ ಮುಂದೆ ಹೋಗಿ ನಿಂತಳು.

"ಇದು ನಾನು ಸುತ್ತಿದ್ದು ದಾಯೆಂಗ್. ಆರು ವರ್ಷದ ಹಿಂದೆ, ಹಬ್ಬದ ಹಿಂದಿನ ದಿನ. ಅಂಟು ಪೂರ್ತಿ ಆರಿರ್ಲಿಲ್ಲ. ನಿಮ್ಮೆಜಮಾನ್ರು ಅವಸರ ಮಾಡಿದ್ರು, ನಾನೂ ಆಗ್ಲಿ ಅಂತ ಕೊಟ್ಬಿಟ್ಟೆ. ಎರಡು ತಿಂಗಳು ನಿಮ್ಮನ್ನ ಕಚ್ಚಿದ್ದು ನನ್ನ ಕೆಲಸ. ಬೈದ್ಬಿಡಿ."

ಕಾನಂಗ್ ಬೈಯಲಿಲ್ಲ. ಕಣ್ಣು ತುಂಬಿಕೊಂಡು, "ಅಂದ್ರೆ ನಿಜವಾಗ್ಲೂ ಕಚ್ತಿತ್ತು," ಎಂದಷ್ಟೇ ಹೇಳಿದರು.

"ಹಾಗಾದ್ರೆ ನಂಗ್ಯಾಕೆ ಗೊತ್ತಾಗ್ಲಿಲ್ಲ?" ಎಂದರು ರೇವಾ.

ಸಿಂಗಾರ ಅವರ ಕಾಲಿನತ್ತ ಕೈ ತೋರಿಸಿದಳು. "ಈ ಮನೇಲಿ ಎಲ್ರೂ ನೆಲದ ಮೇಲೆ ನಿಂತಿದ್ದಾರೆ. ನೀವೊಬ್ರೇ ರಬ್ಬರ್ ಮೇಲೆ."

ಮಧ್ಯಾಹ್ನದೊಳಗೆ ಆಕೆ ಹೊಸ ಪಂಪು ತಂದು ಕೂರಿಸಿದಳು. ನನ್ನ ಸೋದರಳಿಯನ ತಂತಿಯನ್ನು ಕಿತ್ತು ನನ್ನ ಕೈಗೇ ಕೊಟ್ಟಳು. ತೊಟ್ಟಿಯ ಲೈನಿಗೆ, ಕರೆಂಟು ಒಂದಿಷ್ಟು ಸೋರಿದರೂ ತಾನಾಗಿ ಆರಿಹೋಗುವ ಸ್ವಿಚ್ ಹಾಕಿದಳು. ಅಂದಿನಿಂದ ಹಬ್ಬವಿರಲಿ, ಹಡಗು ಹೊರಡುತ್ತಿರಲಿ, ಅಂಟು ಮೂರು ದಿನ ಒಣಗದೆ ಆಕೆಯ ಅಂಗಡಿಯಿಂದ ಏನೂ ಹೊರಗೆ ಹೋಗುವುದಿಲ್ಲ.

ಗುರುವಾರ ಸಂಜೆ ತಾಮಲನ್ರೆಯಾದವನು ಗಾಡಿ ತಂದು ನಿಲ್ಲಿಸಿದ. ಮೀಟರ್ ಏನೇ ಹೇಳಲಿ, ತೀರ್ಮಾನ ಕಾನಂಗ್ ಅವರದ್ದೆಂದು ಎಲ್ಲರಿಗೂ ಗೊತ್ತಿತ್ತು. ಅವರು ಗಂಡನಿಗೆ, "ಚಪ್ಪಲಿ ಬಿಚ್ಚಿ," ಎಂದರು. ರೇವಾ ಬಿಚ್ಚಿ ಬಾಗಿಲಾಚೆ ಇಟ್ಟು ಬಂದರು. "ಕೈ ಹಾಕಿ." ಹಾಕಿದರು.

"ಕಚ್ತಾ?"

"ಇಲ್ಲ."

"ನಂಗೆ?"

ರೇವಾ ತಲೆ ತಗ್ಗಿಸಿದರು. "ಕಚ್ತಿತ್ತು. ನಾನು ನಂಬ್ಲಿಲ್ಲ, ಕಾನಂಗ್."

ಕಾನಂಗ್ ಬಾಗಿಲಿಗೆ ಹೋಗಿ, "ನಿಮ್ಗೆ ಸುಮ್ನೆ ತೊಂದ್ರೆ ಆಯ್ತು, ತೊಟ್ಟಿ ಕೊಡಲ್ಲ," ಎಂದು ಗಾಡಿಯವನಿಗೆ ಬಾರೊಂಗ್ಕೊ ಕೊಟ್ಟು ಕಳಿಸಿದರು. ಬಾಳೆಎಲೆಯಲ್ಲಿ ಬೆಂದ ಆ ಸಿಹಿಯಲ್ಲಿ ನನಗೂ ಎರಡು ಸಿಕ್ಕಿತು.

ಮಗು ಬಂದು ಈಗ ತಿಂಗಳಾಯಿತು. ದಿನವೂ ಅದು ಏಳುವ ಮೊದಲು ರೇವಾ ಬರಿಗಾಲಲ್ಲಿ ನಿಂತು ತೊಟ್ಟಿಗೆ ಕೈ ಅದ್ದಿ ನೋಡುತ್ತಾರೆ. ಕುಂಟುತ್ತ ಬರುವುದನ್ನು ಕಂಡು ಮೊನ್ನೆ ಕೇಳಿದೆ, "ಹಿಮ್ಮಡಿ ನೋಯಲ್ವಾ ದಾಯೆಂಗ್? ಚಪ್ಪಲಿ ಹಾಕ್ಕೊಬಾರ್ದಾ?"

"ನೋಯುತ್ತೆ," ಎಂದರು. "ಆದ್ರೆ ಈಗ ಕಾನಂಗ್‌ಗೆ ಗೊತ್ತಾಗೋದು ನಂಗೂ ಗೊತ್ತಾಗುತ್ತೆ."