ಸೋನ್ಯಾನ ಹೊಟ್ಟೆಯ ವಿಚಾರಣೆ

ಮೊದಲು ಕಂಡದ್ದು ಹೊಟ್ಟೆ.

ನಲವತ್ತೈದು ದಿನದ ನಾಯಿಮರಿಗೆ ಅಂಥ ಹೊಟ್ಟೆ ಇರಬಾರದು ಎಂಬುದು ನಮಗೆ ಗೊತ್ತಿರಲಿಲ್ಲ. ಗುಂಡಗೆ, ಬಿಗಿಯಾಗಿ, ಮದುವೆ ಊಟ ಮುಗಿಸಿದ ಬೀಗರ ಹೊಟ್ಟೆಯ ಹಾಗಿತ್ತು. ಮರಿ ಕೊಟ್ಟ ಬಾಬಾಜಾನ್ ಅದನ್ನೇ ತೋರಿಸಿ ಹೊಗಳಿದ್ದ. ಗೋಕುಲ ರಸ್ತೆಯಲ್ಲಿ ಅವನದು ಗಾಡಿ ರಿಪೇರಿ ಗ್ಯಾರೇಜು. ಮರಿ ಹುಟ್ಟಿದ್ದು ಅಲ್ಲೇ, ಕೆಟ್ಟು ನಿಂತ ಟೆಂಪೋ ಒಂದರ ಕೆಳಗೆ.

"ಹೊಟ್ಟಿ ನೋಡ್ರಿ ಸರ. ತಾಯಿ ಹಾಲು ಹೆಂಗ ಕುಡದೈತಿ ನೋಡ್ರಿ."

ನೋಡಿದೆ. ಮೂವತ್ತನಾಲ್ಕು ವರ್ಷ ಮಿಶನ್ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಕೇಳದೆಯೇ ಯಾರಾದರೂ ಗುಣಗಾನ ಮಾಡಿದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯುವುದು ನನ್ನ ವೃತ್ತಿಯ ಕಾಯಿಲೆ. ಆದರೂ ಮರಿಯನ್ನು ತಂದೆ. ಕಾರಣ ನನ್ನ ಅಕ್ಕ.

ಎಸ್ತೇರಕ್ಕನಿಗೆ ಎಪ್ಪತ್ತೆಂಟು. ಭಾವ ತೀರಿಕೊಂಡ ಮೇಲೆ ಗದಗಿನಿಂದ ಗೋಪನಕೊಪ್ಪದ ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಕೇಳಿದ್ದಕ್ಕೆ ಹ್ಞೂಂ, ಇಲ್ಲವೇ ಉಹ್ಞೂಂ. ಅಷ್ಟೇ. ಆ ದಿನ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿನ ಬ್ರೇಕು ಸರಿಹೋಗುವಷ್ಟರಲ್ಲಿ ಮರಿ ಬಂದು ಅವಳ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತು.

"ತಮ್ಮಾ, ಇದನ್ನ ಮನಿಗೆ ಒಯ್ಯೂಣು," ಎಂದಳು.

ನಾಲ್ಕು ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ವಸ್ತು. ಸೋನ್ಯಾ ಎಂಬ ಹೆಸರೂ ಅವಳೇ ಇಟ್ಟದ್ದು.

ಮನೆಗೆ ಬಂದ ಮೂರನೆಯ ದಿನ ಸೋನ್ಯಾಗೆ ಭೇದಿ ಹತ್ತಿತು, ನಡುಮನೆಯಲ್ಲಿ ವಾಂತಿಯನ್ನೂ ಮಾಡಿತು. ಅದರಲ್ಲಿ ಶಾವಿಗೆ ಕಂಡಿತು. ನಮ್ಮ ಮನೆಯಲ್ಲಿ ಆ ವಾರ ಶಾವಿಗೆ ಮಾಡಿರಲಿಲ್ಲ.

ಶಾವಿಗೆ ಹೊರಳಾಡುತ್ತಿತ್ತು.

ಪ್ರಾಣಿಗಳ ಕ್ಲಿನಿಕ್ಕಿಗೆ ಆಟೋದಲ್ಲಿ ಹೋದೆವು. ಸ್ಟೂಲ್ ಟೆಸ್ಟ್ ಮಾಡಬೇಕಾದೀತೆಂದು ಸ್ಯಾಂಪಲ್ಲನ್ನು ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಒಯ್ದಿದ್ದೆ. ಹೆಸರು, ವಯಸ್ಸು, ತಾರೀಖು, ವೇಳೆ ಎಲ್ಲವನ್ನೂ ದುಂಡಕ್ಷರದಲ್ಲಿ ಬರೆದು ಅಂಟಿಸಿದ್ದೆ. ಡಾಕ್ಟರ್ ಹುಡುಗಿಯಂತಿದ್ದರು. ಎಷ್ಟು ವರ್ಷದ ಅನುಭವ ಎಂದು ವಿಚಾರಿಸಿದೆ.

"ಏಳು ವರ್ಷ ಆತ್ರಿ. ನೀವು ಮಾಸ್ತರ ಇದ್ರೇನ್ರಿ?" ಎಂದರು ಬಾಟಲಿಯ ಚೀಟಿ ಓದುತ್ತ.

ಮರಿಯ ಹೆಗಲ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ಕೂಡಲೇ ಕೂರಲಿಲ್ಲ. ಎತ್ತಿದ ಹಾಗೇ ಒಂದು ಕ್ಷಣ ನಿಂತಿತು. ಡಿಹೈಡ್ರೇಶನ್ ಎಂದರು. ಹೊಟ್ಟೆಯಲ್ಲಿದ್ದದ್ದು ರೌಂಡ್‌ವರ್ಮ್, ಜಂತುಹುಳ. ತಾಯಿಯ ಗರ್ಭದಿಂದಲೇ ಬರುತ್ತವಂತೆ, ತಾಯಿಯ ಹಾಲಿನಿಂದಲೂ ಬರುತ್ತವಂತೆ. ಬಾಬಾಜಾನ್ ಹೊಗಳಿದ ಹಾಲು ನೆನಪಾಯಿತು. ತೂಕ ನೋಡಿ ಡಿವರ್ಮಿಂಗ್ ಸಿರಪ್ ಕೊಟ್ಟರು, ಹದಿನೈದು ದಿನಕ್ಕೆ ಇನ್ನೊಂದು ಡೋಸ್ ಎಂದರು. ಮೆತ್ತಗಿನ ಅನ್ನ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ಐದು ಸಲ. ಹೊಲಸನ್ನು ಕೂಡಲೇ ತೆಗೆದು ಕೈ ತೊಳೆಯಬೇಕು. ಈ ಹುಳ ಮನುಷ್ಯರನ್ನೂ ಬಿಡುವುದಿಲ್ಲ.

"ಹಾಲು ಮಾತ್ರ ಹಾಕಬ್ಯಾಡ್ರಿ. ಆಕಳ ಹಾಲು ಇವಕ್ಕ ಜೀರ್ಣ ಆಗೂದಿಲ್ಲ."

"ಇಷ್ಟ ಅನ್ನ ಸಾಕಾಗತೈತೇನ್ರಿ?" ಎಂದಳು ಅಕ್ಕ.

"ಸದ್ಯಕ್ಕ ಸಾಕ್ರಿ ಅಮ್ಮಾ."

ಸಿರಪ್ಪು ತನ್ನ ಕೆಲಸ ಮಾಡಿತು. ವಿವರ ಬೇಡ. ಹನ್ನೊಂದರವರೆಗೆ ಎಣಿಸಿದೆ. ಹಿಂದೆ ನಿಂತಿದ್ದ ನನ್ನ ಹೆಂಡತಿ ಕೃಪಾ, "ಹಾಜರಿ ತಗೊಳಾಕತ್ತೀರೇನು?" ಎಂದಳು. ನಿಲ್ಲಿಸಿದೆ.

ಹುಳ ನಿಂತವು. ಭೇದಿ ನಿಲ್ಲಲಿಲ್ಲ.

ಸಿರಪ್ಪು ಕೊಟ್ಟ ನಾಲ್ಕನೆಯ ದಿನ, ಐದನೆಯ ದಿನ. ನೀರಿನಂತೆ, ಹುಳಿ ನಾತ. ಆ ಬೀಗರ ಹೊಟ್ಟೆ ಎಲ್ಲಿ ಹೋಯಿತೋ, ಈಗ ಪಕ್ಕೆಲುಬು ಎಣಿಸಬಹುದಿತ್ತು. ದಿನವೂ ತಕ್ಕಡಿಗೆ ಹಾಕಿ ತೂಕ ಬರೆದಿಟ್ಟೆ. ಅಂಕಿ ಇಳಿಯುತ್ತಲೇ ಹೋಯಿತು. ಮತ್ತೆ ಕ್ಲಿನಿಕ್ಕಿಗೆ ಓಡಿದೆವು.

"ಇನ್ನೆರಡು ದಿನ ಹಿಂಗ ಆದ್ರ ಡ್ರಿಪ್ ಹಾಕಬೇಕಾಗತೈತ್ರಿ," ಎಂದರು ಡಾಕ್ಟರ್. "ಇಷ್ಟ ಸಣ್ಣ ಮರಿ, ಆಮ್ಯಾಲೆ ನಾ ಏನೂ ಭರವಸಾ ಕೊಡಂಗಿಲ್ಲ. ಮನ್ಯಾಗ ಯಾರರ ಏನರ ತಿನಸಾಕತ್ತಾರೇನು?"

"ನಮ್ಮ ಮನ್ಯಾಗ ಹಂಗ ನಡ್ಯಂಗಿಲ್ರಿ," ಎಂದೆ.

ಮರಳಿ ಬರುವಾಗ ಅಕ್ಕ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. "ಇದೂ ಹೋತಂದ್ರ..." ಎಂದಳು. ನಾಯಿ ಹೋದರೆ ಅಕ್ಕ ಮತ್ತೆ ಆ ಹ್ಞೂಂ, ಉಹ್ಞೂಂಗಳೊಳಗೆ ಹೋಗಿ ಕೂರುತ್ತಾಳೆ, ಈ ಸಲ ಹೊರಗೆ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಏಕಸದಸ್ಯ ವಿಚಾರಣಾ ಆಯೋಗ ಅಸ್ತಿತ್ವಕ್ಕೆ ಬಂತು.

ಮೊದಲ ಆರೋಪಿ ಬಾಬಾಜಾನ್. ದಿನವೂ ಸಂಜೆ ಮರಿ ನೋಡಲು ಬರುತ್ತಿದ್ದ. ಕಿಸೆ ತೋರಿಸು ಎಂದೆ. ಒಂದು ನಟ್ಟು, ಎರಡು ವಾಶರು, ಅರ್ಧ ಬೀಡಿ ಅಂಗೈ ಮೇಲಿಟ್ಟು ಶಾಂತವಾಗಿ ಹೇಳಿದ, "ಇವನ್ನ ತಿನಿಸಿದ್ರ ಎಕ್ಸರೇದಾಗ ಕಾಣತಾವ್ರಿ ಸರ."

ಎರಡನೆಯ ಆರೋಪಿ ಕೃಪಾ. ಹಾಲಿನ ಪಾತ್ರೆಗೆ ಚಮಚ ಅದ್ದಿ ಆಳ ನೋಡುತ್ತಿದ್ದವನನ್ನು ಆಕೆ ಹಿಡಿದಳು. "ನಲವತ್ತೊಂದು ವರ್ಷ ಆತು ಮದುವ್ಯಾಗಿ. ಈಗ ಬಂತೇನ್ರಿ ನನ್ನ ಮ್ಯಾಲೆ ಸಂಶೆ? ಅದೂ ನಾಯಿ ಸಲುವಾಗಿ?" ಹಾಲು ಕಡಿಮೆಯಾಗಿರಲಿಲ್ಲ. ಆರೋಪ ಬಿದ್ದುಹೋಯಿತು. ಆದರೂ ಆಕೆಯ ಮೇಲೆ ಒಂದು ಕಣ್ಣಿಟ್ಟೆ.

ಈಗ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಪ್ರಾರ್ಥನೆ ಇಲ್ಲದೆ ನಮ್ಮಲ್ಲಿ ಯಾರೂ ತುತ್ತೆತ್ತುವುದಿಲ್ಲ. ಕೈ ಜೋಡಿಸಿ, ಕಣ್ಣು ಮುಚ್ಚಿ ಕೂರಬೇಕು, ಪ್ರಾರ್ಥಿಸುವವನು ನಾನು. ನಿವೃತ್ತನಾದ ಮೇಲೆ ನನ್ನ ಪ್ರಾರ್ಥನೆ ಉದ್ದವಾಗಿದೆ ಎಂಬ ದೂರು ಇದೆ. ದೇಶ, ದೇಶ ಆಳುವವರು, ಚರ್ಚ್ ಸಭೆಯ ರೋಗಿಗಳು ಒಬ್ಬೊಬ್ಬರಾಗಿ, ಈಚೆಗೆ ಪ್ರತ್ಯೇಕವಾಗಿ ಸೋನ್ಯಾ. ನಡುವೆ ಕಣ್ಣು ತೆರೆಯುವುದೆಂದರೆ ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿದಂತೆ ಎಂದು ನಮ್ಮಪ್ಪ ಕಲಿಸಿದ್ದ. ಎಪ್ಪತ್ತೊಂದು ವರ್ಷದಲ್ಲಿ ನಾನು ತೆರೆದವನಲ್ಲ.

ಆರನೆಯ ದಿನ ಬೆಳಿಗ್ಗೆ ನಾಷ್ಟಾದ ಹೊತ್ತು. "ಈ ಸಣ್ಣ ಜೀವದ ಕರುಳಿಗೆ ಶಾಂತಿಯನ್ನು ದಯಪಾಲಿಸು" ಎಂಬಲ್ಲಿಗೆ ಬಂದಿದ್ದೆ. ಮೇಜಿನ ಕೆಳಗಿಂದ ಚಪ್ ಚಪ್ ಎಂಬ ಸದ್ದು ಬಂತು.

ಕಣ್ಣು ತೆರೆದೆ.

ಅಕ್ಕನ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ತುಟಿ ಭಕ್ತಿಯಿಂದ ಅಲುಗುತ್ತಿದ್ದವು. ಬಲಗೈ ಒಂದೇ ಎದೆಯ ಮೇಲಿತ್ತು. ಎಡಗೈ ಮೇಜಿನ ಕೆಳಗಿತ್ತು. ಅವಳ ಪಾಲಿನ ಹಾಲಿನ ಲೋಟ ಖಾಲಿ, ತಾಟಿನಲ್ಲಿದ್ದ ಬನ್ನು ಇಲ್ಲ. ಸಾಕ್ಷಿಗಾಗಿ ಕೃಪಾಳ ಕಡೆ ತಿರುಗಿದರೆ ಆಕೆಯ ಕಣ್ಣೂ ತೆರೆದಿದ್ದವು, ಅಡಿಗೆಮನೆಯ ಒಲೆಯನ್ನು ನೋಡುತ್ತಿದ್ದವು.

"ನೀನೂ?" ಎಂದೆ.

"ಒಲಿ ಮ್ಯಾಲೆ ಚಹಾ ಇರತೈತಿ. ಯಾರರ ಒಬ್ಬರು ನೋಡಬೇಕಲಾ," ಎಂದಳು.

ಆಮೆನ್ ಹೇಳಿ ಮುಗಿಸಿದೆ. ಅರ್ಧಕ್ಕೆ ಬಿಡುವಂತಿಲ್ಲ.

"ಅಕ್ಕಾ, ಎಷ್ಟ ದಿನದಿಂದ?"

"ದವಾಖಾನಿಯಿಂದ ಬಂದ ಮರುದಿನದಿಂದ. ಒಂದು ಮುಷ್ಟಿ ಅನ್ನ ತಮ್ಮಾ. ವಾಟಿ ನೆಕ್ಕಿ ನೆಕ್ಕಿ ನನ್ನ ಮುಖಾ ನೋಡತಿತ್ತು. ನನಗ ಗಂಟಲದಾಗ ಇಳೀತಿದ್ದಿಲ್ಲ."

"ಹಾಲು ಬ್ಯಾಡ ಅಂದಿದ್ರು."

"ಹುಳ ಇರೂತನಕ ಅಂತ ತಿಳಕೊಂಡೆ."

"ಪ್ರಾರ್ಥನಿ ಹೊತ್ತಿನ್ಯಾಗನ ಯಾಕ?"

"ಅಷ್ಟೊತ್ತು ನೀ ಮತ್ಯಾವಾಗ ಕಣ್ಣು ಮುಚ್ಚತೀ? ನಾಯಿ ಕಡೆ ನೋಡೂದು ಅದೊಂದ ಹೊತ್ತು ಬಿಡತಿದ್ದಿ."

ನಾನು ಮರಿಯ ಆರೋಗ್ಯ ಬೇಡುತ್ತಿದ್ದ ಹೊತ್ತಿನಲ್ಲೇ ಮರಿಯ ಆರೋಗ್ಯ ಕೆಡುತ್ತಿತ್ತು. ಎಷ್ಟು ಉದ್ದ ಬೇಡಿದೆನೋ ಅಷ್ಟು ಹೆಚ್ಚು. ಸಿಟ್ಟು ಬರಬೇಕಿತ್ತು. ಅಷ್ಟರಲ್ಲಿ ಕೃಪಾ ಅಕ್ಕನ ಎಡಗೈಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಹೋಗಿ ನಿಂತಿತು.

"ನಾಯಿ ತೂಕಾ ದಿನಾ ಬರಕೊಂಡ್ರಿ," ಎಂದಳು. "ಅಕ್ಕಾರ ಕೈ ನೋಡ್ರಿ."

ನೋಡಿದೆ.

ಭೇದಿ ಹೇಗಿದೆ, ಬಣ್ಣವೇನು, ಎಷ್ಟು ಸಲ ಎಂದು ಬರೆದಿಟ್ಟವನು ನಾನು. ಒಬ್ಬ ಮೆಕ್ಯಾನಿಕನ ಕಿಸೆ, ಒಬ್ಬ ಹೆಂಡತಿಯ ಹಾಲಿನ ಪಾತ್ರೆ, ಒಬ್ಬ ಡಾಕ್ಟರರ ಅನುಭವ ಎಲ್ಲವನ್ನೂ ಶಂಕಿಸಿದವನು. ಎದುರಿನ ಕುರ್ಚಿಯಲ್ಲಿ ನನ್ನ ಅಕ್ಕ ದಿನದಿನಕ್ಕೆ ಸಣ್ಣಗಾಗುತ್ತಿದ್ದದ್ದು ಮಾತ್ರ ನನಗೆ ಕಾಣಲಿಲ್ಲ. ಅವಳು ಉಣ್ಣುವುದನ್ನು ಬಿಟ್ಟದ್ದು ಸೋನ್ಯಾನಿಂದಲ್ಲ, ಅದಕ್ಕೂ ಮೊದಲೇ. ಸೋನ್ಯಾ ಬಂದ ಮೇಲೆ ಅವಳ ತುತ್ತಿಗೆ ಒಂದು ವಿಳಾಸ ಸಿಕ್ಕಿತ್ತು, ಅಷ್ಟೇ.

ಡಾಕ್ಟರರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

"ನಿಮ್ಮ ಮನ್ಯಾಗ ಹಂಗ ನಡ್ಯಂಗಿಲ್ಲ ಅಂದಿದ್ರಿ?"

"ನಡದೈತ್ರಿ."

ಹಾಲು ನಿಂತಿತು. ಅನ್ನ ಹಾಕುವ ಅಧಿಕಾರವನ್ನು ಅಕ್ಕನಿಗೇ ವಹಿಸಿದೆವು. ಐದು ಸಲವೂ ಅವಳೇ ಕಿವುಚಿ ಹಾಕಬೇಕು, ತಾನೂ ಜೊತೆಗೆ ಏನಾದರೂ ತಿನ್ನಬೇಕು ಎಂದು ಕೃಪಾ ಷರತ್ತು ಹಾಕಿದಳು. ಅಕ್ಕ ತುಸು ತಿಂದಳು, ತುಸು ತಿಂದಂತೆ ಮಾಡಿದಳು. ಹಾಲು ನಿಂತ ಮೂರನೆಯ ದಿನ ಬೆಳಿಗ್ಗೆ ಸೋನ್ಯಾ ಪೇರಲ ಗಿಡದ ಬುಡಕ್ಕೆ ಹೋಗಿ ಬಂತು. ಮೂವರು ಹಿರಿಯರು ಸುತ್ತ ನಿಂತು ಬಗ್ಗಿ ನೋಡಿದೆವು.

ಗಟ್ಟಿ.

ನಾನು ಮಧ್ಯಾಹ್ನ ಮತ್ತೊಮ್ಮೆ ಖಾತ್ರಿ ಮಾಡಿಕೊಂಡೆ.

ಹದಿನೈದನೆಯ ದಿನ ಎರಡನೆಯ ಡೋಸ್. ಸ್ಟೂಲ್ ಟೆಸ್ಟಿನಲ್ಲಿ ಏನೂ ಸಿಗಲಿಲ್ಲ. ಆದರೂ ಡಿವರ್ಮಿಂಗ್ ಮುಂದೆಯೂ ನಡೆಯುತ್ತಿರಬೇಕಂತೆ, ಹುಳದ ಮಾತು ನಂಬುವ ಹಾಗಿಲ್ಲ ಎಂದರು ಡಾಕ್ಟರ್. ಆ ಅಭಿಪ್ರಾಯ ನನಗೆ ಹಿಡಿಸಿತು. ಅವರ ಮೇಲೆ ವಿಶ್ವಾಸ ಬಂದದ್ದು ಆಗಲೇ.

ಆಟೋ ಗೋಕುಲ ರಸ್ತೆಗೆ ತಿರುಗಿದಾಗ ಅಕ್ಕ ನನ್ನ ತೋಳು ಮುಟ್ಟಿದಳು.

"ತಮ್ಮಾ, ಎಲ್ಲೆರ ನಿಲ್ಲಸು. ಹಸಿವ್ಯಾಗೇತಿ."

"ಮರಿಗೇನು?"

"ನನಗ."

ಒಂದು ಸಣ್ಣ ಹೋಟೆಲಿನ ಮುಂದೆ ನಿಲ್ಲಿಸಿದೆವು. ನಾಯಿಯನ್ನು ಒಳಗೆ ಬಿಡಲಿಲ್ಲ. ಅದನ್ನು ಎತ್ತಿಕೊಂಡು ನಾನು ಬಾಗಿಲ ಹೊರಗೆ ಫುಟ್‌ಪಾತಿನಲ್ಲಿ ನಿಂತೆ. ಗಾಜಿನಾಚೆ ಅಕ್ಕ ಕೂತಳು. ತಾಟಿನಲ್ಲಿ ಎರಡು ಪೂರಿ ಬಂದವು. ನಾನು ಅವಳ ಎರಡೂ ಕೈಗಳನ್ನು ಬಿಡದೆ ನೋಡುತ್ತಿದ್ದೆ. ಒಂದು ಪೂರಿ ಹೋಯಿತು. ಎರಡನೆಯದೂ ಹೋಯಿತು. ಪಲ್ಯ ಬಳಿದು ತಿಂದಳು. ಆಮೇಲೆ ತಲೆ ಎತ್ತಿ, ತಾಟು ತೆಗೆಯಲು ಬಂದವನಿಗೆ ಇನ್ನೊಂದು ಎಂದು ಬೆರಳು ತೋರಿಸಿದಳು.