ಶಾಲಿನಿಯ ಗಿಡ್ಡ ಲೆನ್ಸು

ಶಾಲಿನಿ ಮನೆಮನೆಗೆ ಹೋಗಿ ಇಂಜೆಕ್ಷನ್ ಚುಚ್ಚುವ ನರ್ಸಮ್ಮ ಎಂದೇ ಈ ಬರಹಗಾರ ಬಹಳ ಕಾಲ ತಿಳಿದುಕೊಂಡಿದ್ದ. ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು. ಚಾಮರಾಜಪುರಂನ ಯಾವುದಾದರೂ ಮನೆಯ ಮುಂದೆ ಆಕೆಯ ಬೂದು ಸ್ಕೂಟರ್ ನಿಂತಿತೆಂದರೆ ಒಳಗೆ ಹಾಸಿಗೆ ಹಿಡಿದವರೊಬ್ಬರು ಇದ್ದಾರೆಂದೇ ಅರ್ಥ. ಹೆಗಲಿಗೆ ಕಪ್ಪು ಚೀಲ, ಕಾಲಲ್ಲಿ ಸದ್ದು ಮಾಡದ ಚಪ್ಪಲಿ. ಹೋದಷ್ಟೇ ಸದ್ದಿಲ್ಲದೆ ಆಚೆ ಬರುತ್ತಿದ್ದಳು. ಗೇಟಿನ ತನಕ ಬಂದು ಕಳಿಸಿಕೊಡುವ ಮನೆಯವರ ಮುಖದಲ್ಲಿ ನಗು ಇರುತ್ತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಮನೆಯ ಮುಂದೆ ಶಾಮಿಯಾನ ಏಳುತ್ತಿತ್ತು. ಅಂಥದೊಂದು ಶಾಮಿಯಾನದ ಕೆಳಗೆ, ಹಾರ ಹಾಕಿದ ಫೋಟೊಗೆ ಕೈಮುಗಿದು ನಿಂತಾಗ, ಅದರ ಮೂಲೆಯಲ್ಲಿ ಸಣ್ಣಗೆ ಅಚ್ಚಾದ ಹೆಸರು ಕಣ್ಣಿಗೆ ಬಿತ್ತು: ಶಾಲಿನಿ ಫೋಟೊಗ್ರಫಿ. ನರ್ಸಾಗಿದ್ದರೇ ಮನಸ್ಸಿಗೆ ಇನ್ನಷ್ಟು ಸಮಾಧಾನವಿರುತ್ತಿತ್ತು.

ಅದೇ ಬೀದಿಯ ದೊರೆಸ್ವಾಮಿಯವರಿಗೆ ಇಂಥ ಗೊಂದಲವೇನೂ ಇರಲಿಲ್ಲ. ಅವರಿಗೆ ಯಾವ ವಿಷಯದಲ್ಲೂ ಗೊಂದಲ ಇರುತ್ತಿರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರಾಗಿ, ಕೊನೆಗೆ ಕಾಲೇಜಿನ ಪ್ರಾಂಶುಪಾಲರೂ ಆಗಿ ನಿವೃತ್ತರಾದವರು. ಅವರ ಅಜ್ಜ ಅರಮನೆಯ ಪುಸ್ತಕ ಭಂಡಾರದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಅವರು ಪುಸ್ತಕಗಳ ಧೂಳು ಹೊಡೆಸುತ್ತಿದ್ದರೋ, ತಾವೇ ಹೊಡೆಯುತ್ತಿದ್ದರೋ, ಈಗ ಹೇಳುವವರಿಲ್ಲ. ಮೊಮ್ಮಗನ ಬಾಯಲ್ಲಿ ಮಾತ್ರ ಮಹಾರಾಜರು ಅಜ್ಜನನ್ನು ಕೇಳದೆ ಒಂದು ಪುಟವನ್ನೂ ಮಗುಚುತ್ತಿರಲಿಲ್ಲ.

ಶಾಲಿನಿಯ ವಿಚಾರ ಅವರಿಗೆ ತಿಳಿದದ್ದು ಹೆಂಡತಿ ಭಾನುಮತಿಯಿಂದ. ಶಾಲಿನಿ ತಿ. ನರಸೀಪುರದ ಕಡೆಯ, ಭತ್ತ ಬೆಳೆಯುವವರ ಮನೆಯ ಹೆಣ್ಣುಮಗಳು. ಮದುವೆಗಳಲ್ಲಿ ಗಂಡ ಪ್ರಸಾದ್ ವಿಡಿಯೊ ತೆಗೆಯುತ್ತಾನೆ, ಇವಳು ಫೋಟೊ. ಅವಳ ಅಪ್ಪ ತೀರಿಕೊಂಡಾಗ ಮನೆಯಲ್ಲಿ ಅವರೊಬ್ಬರೇ ಇರುವ ಒಂದು ಫೋಟೊ ಸಿಗಲಿಲ್ಲವಂತೆ. ಯಾರದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ ದೊಡ್ಡದು ಮಾಡಿಸಿದರು. ಅಪ್ಪನ ಹೆಗಲ ಮೇಲಿದ್ದ ಸೋದರಮಾವನ ಕೈ ಹಾಗೇ ಉಳಿಯಿತು. ಇವತ್ತಿಗೂ ತಿಥಿಯ ದಿನ ಆ ಕೈಗೂ ಸೇರಿಯೇ ಹಾರ ಬೀಳುತ್ತದೆ. ಕೈಯ ಒಡೆಯ ಎದುರಿಗೇ ಕೂತು ವಡೆ ತಿನ್ನುತ್ತಾನೆ. ಅಲ್ಲಿಂದಾಚೆಗೆ ಶಾಲಿನಿ ಮದುವೆಗಳಿಲ್ಲದ ತಿಂಗಳುಗಳಲ್ಲಿ ಮನೆಗಳಿಗೇ ಹೋಗಿ ಹಿರಿಯರ ಫೋಟೊ ತೆಗೆಯುವುದನ್ನು ಶುರು ಮಾಡಿದಳು. ಸಾವು ಬರುವ ಮನೆ ಅವಳಿಗೆ ಮೊದಲೇ ಗೊತ್ತು, ಅದಕ್ಕೇ ಅಲ್ಲಿ ಕಾಫಿ ಮುಟ್ಟುವುದಿಲ್ಲ ಎಂದು ಜನ ಪಿಸುಗುಟ್ಟುತ್ತಿದ್ದರು. ಅವಳಿಗಿದ್ದದ್ದು ಹುಳಿತೇಗಿನ ಕಾಟ. ಆದರೆ ಹುಳಿತೇಗನ್ನು ಯಾರು ನಂಬುತ್ತಾರೆ?

ಈ ಪಿಸುಮಾತಿಗೆ ಶಾಸ್ತ್ರದ ಪಟ್ಟ ಕಟ್ಟಿದವರು ವಾಗೀಶ, ದೊರೆಸ್ವಾಮಿಯವರ ಪಾರ್ಕಿನ ಸ್ನೇಹಿತರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಯೂಟ್ಯೂಬಿನಲ್ಲಿ ಎರಡು ವಿಡಿಯೊ ನೋಡಿದರೆ ಯಾವ ವಿದ್ಯೆಯನ್ನಾದರೂ ವಶಪಡಿಸಿಕೊಳ್ಳಬಲ್ಲವರು. ಶಾಲಿನಿಯ ಚೀಲದಲ್ಲಿ ಎರಡು ಲೆನ್ಸುಗಳಿವೆ ಎಂದು ಅವರು ಕಲ್ಲುಬೆಂಚಿನ ಮೇಲೆ ಕೂತು ಸಾರಿದರು. ಒಂದು ಉದ್ದನೆಯದು, ಝೂಮ್. ನಿಂತ ಕಡೆಯೇ ನಿಂತು ತಿರುಗಿಸಿದರೆ ದೂರದವರು ಹತ್ತಿರ ಬರುತ್ತಾರೆ. ಇನ್ನೊಂದು ಗಿಡ್ಡನೆಯದು, ಪ್ರೈಮ್. ಅದು ಹಿಂದೆ ಮುಂದೆ ಅಲ್ಲಾಡುವುದಿಲ್ಲ, ಮುಖ ಹತ್ತಿರ ಬೇಕಾದರೆ ತೆಗೆಯುವವರೇ ಹತ್ತಿರ ಹೋಗಬೇಕು. ಮಗಳ ಮದುವೆಯಲ್ಲಿ ಉದ್ದದ್ದರಲ್ಲಿ ತೆಗೆಸಿಕೊಂಡ ವಿಜಯ್‌ಕುಮಾರ್ ಈಗಲೂ ಶಟಲ್ ಆಡುತ್ತಾರೆ. ಗಿಡ್ಡದ್ದರಲ್ಲಿ ತೆಗೆಸಿಕೊಂಡ ವಕೀಲ ಮನೋಹರ್ ಕಾರ್ತಿಕ ಮಾಸ ಕಾಣಲಿಲ್ಲ. ವಾಗೀಶರ ಸ್ವಂತ ಚಿಕ್ಕಮ್ಮ, ಮೂಲೆಮನೆಯ ಪುರೋಹಿತರು, ಅವರಾದ ಮೇಲೆ ಅವರ ತಮ್ಮ, ಎಲ್ಲರೂ ಗಿಡ್ಡದ್ದೇ.

"ಅವಳು ಯಾವುದನ್ನ ಕೈಗೆ ತಗೋತಾಳೆ ನೋಡ್ಬುಟ್ರೆ ಸಾಕು ಕಣ್ರೀ, ಜಾತಕಾನೇ ಬೇಡ" ಎಂದರು ವಾಗೀಶ.

ದೊರೆಸ್ವಾಮಿ ಎಲ್ಲರಿಗಿಂತ ಜೋರಾಗಿ ನಕ್ಕರು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಪೀನ ಮಸೂರ ಬರೆದು ಬೆಳಕಿನ ಕಿರಣಗಳನ್ನು ತಮ್ಮ ಸೀಮೆಸುಣ್ಣದಿಂದ ಬಗ್ಗಿಸಿದವರು, ನಗದೆ ಇರುತ್ತಾರೆಯೇ? ನಗು ಮುಗಿದ ಮೇಲೆ ಮೊದಲು ಎದ್ದು ಮನೆಗೆ ಹೊರಟವರೂ ಅವರೇ.

ಅವರಲ್ಲೊಂದು ಗುಟ್ಟಿತ್ತು. ದೀಪಾವಳಿಯ ಈಚೆಗೆ ತಾರಸಿಯ ಮೆಟ್ಟಿಲು ಹತ್ತುವಾಗ, ಅರ್ಧ ದಾರಿಯಲ್ಲಿ, ಎದೆಯ ಮೇಲೆ ಯಾರೋ ಮಣೆ ಹಾಕಿಕೊಂಡು ಕೂತಂತಾಗುತ್ತಿತ್ತು. ನಿಂತರೆ ಆ ಭಾರ ಎದ್ದು ಹೋಗುತ್ತಿತ್ತು. ನಿಲ್ಲುವುದಕ್ಕೊಂದು ನೆಪ ಬೇಕಲ್ಲ, ಅದಕ್ಕೆ ಅಲ್ಲಿದ್ದ ಕಿಟಕಿಯಿಂದ ತೆಂಗಿನ ಮರವನ್ನು ನೋಡುತ್ತಾ ನಿಲ್ಲುತ್ತಿದ್ದರು. ಆ ಮರದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಕಾಯಿ ಬಿಡುವುದನ್ನು ಅದು ಎಂದೋ ಮರೆತಿತ್ತು. ಡಾಕ್ಟರ ಬಳಿ ಹೋಗಬಹುದಿತ್ತು. ಆದರೆ ಬಡಾವಣೆಯ ಡಾಕ್ಟರು ಅವರ ಹಳೆಯ ವಿದ್ಯಾರ್ಥಿ. ಪ್ರಾಕ್ಟಿಕಲ್ಸ್‌ನಲ್ಲಿ ತಾವೇ ನಪಾಸು ಮಾಡಿದ ಹುಡುಗನ ಮುಂದೆ ಅಂಗಿ ಬಿಚ್ಚಿ ಮಲಗುವುದು ಹೇಗೆ? ಬೇರೆ ಡಾಕ್ಟರನ್ನು ನೋಡಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಮನೆಯಲ್ಲಿ ಯಾರಾದರೂ ಚೆಕಪ್ಪು ಎಂದು ಬಾಯಿ ತೆರೆದರೆ ಗದರಿ ಮುಚ್ಚಿಸುತ್ತಿದ್ದರು.

ಒಂದು ಭಾನುವಾರ ಮಗಳು ಗಾರ್ಗಿ ಕಾಫಿ ತಂದುಕೊಡುತ್ತಾ, "ಅಪ್ಪ, ನಿಂದೊಂದು ಒಳ್ಳೆ ಫೋಟೊನೇ ಇಲ್ಲ" ಎಂದಳು.

ಲೋಟ ಅವರ ತುಟಿಯ ಹತ್ತಿರವೇ ನಿಂತಿತು. ವಾಗೀಶರ ಚಿಕ್ಕಮ್ಮನಿಗೂ ಮನೆಯವರು ಇದೇ ಮಾತು ಹೇಳಿದ್ದರಂತೆ. ಮನೋಹರ್‌ಗೂ ಅಷ್ಟೇ, ಹೀಗೇ, ಹವಾ ವಿಚಾರಿಸುವಷ್ಟು ಹಗುರ ದನಿಯಲ್ಲಿ. ಈಗ ಯಾಕೆ ಎಂದು ಕೇಳಿದರು. ಕಾಲೇಜಿನ ಸ್ಮರಣ ಸಂಚಿಕೆಗೆ ಎಂದಳು ಗಾರ್ಗಿ. ಶಾಲಿನಿಗೆ ಆಗಲೇ ಹೇಳಿಯಾಗಿತ್ತು, ಮುಂದಿನ ಭಾನುವಾರ ಬರುತ್ತಾಳೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಭಾನುಮತಿ ತಲೆ ಎತ್ತಲಿಲ್ಲ. ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದರು.

ಆ ವಾರವೆಲ್ಲ ಮನೆಯಲ್ಲಿ ಏನೋ ಸರಿಯಿರಲಿಲ್ಲ. ದೊರೆಸ್ವಾಮಿ ಅಡುಗೆಮನೆಯ ಬಾಗಿಲಿಗೆ ಬಂದರೆ ಅಮ್ಮ ಮಗಳ ಮಾತು ನಿಲ್ಲುತ್ತಿತ್ತು, ಮಿಕ್ಸಿ ಶುರುವಾಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾಯಿತು. ಉಪ್ಪಿನಕಾಯಿಯ ಜಾಡಿ ಮೇಲಿನ ಶೆಲ್ಫಿಗೆ ಹೋಯಿತು. ಗುರುವಾರ ನಡುಮನೆಗೆ ಬಂದಾಗ ಅವರ ಕಣ್ಣು ಗೋಡೆಯ ಮೇಲೆ ನಿಂತಿತು. ಅಲ್ಲಿ ಅಜ್ಜ, ಅಜ್ಜನ ಪಕ್ಕದಲ್ಲಿ ಅಪ್ಪ, ಅಪ್ಪನ ಪಕ್ಕದಲ್ಲಿ ಕ್ಯಾಲೆಂಡರು ಇರುತ್ತಿತ್ತು. ಈಗ ಕ್ಯಾಲೆಂಡರು ಇರಲಿಲ್ಲ, ಬರೀ ಮೊಳೆ ಇತ್ತು. ಕ್ಯಾಲೆಂಡರು ಹರಿದಿತ್ತು, ತೆಗೆದೆ ಎಂದರು ಭಾನುಮತಿ. ದೊರೆಸ್ವಾಮಿ ಆ ಮೊಳೆಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿತ್ತು. ಚೌಕಟ್ಟು, ಗಾಜು, ಹಾರ, ಎಲ್ಲದರ ಭಾರವನ್ನೂ ತಡೆಯುವಷ್ಟು ಗಟ್ಟಿ.

ಪ್ರಾಂಶುಪಾಲರಾಗಿದ್ದವರು ಸುಮ್ಮನೆ ಕೈಕಟ್ಟಿ ಕೂರುವುದುಂಟೇ? ಅವರೂ ಒಂದು ಹಂಚಿಕೆ ಹಾಕಿದರು. ಲೆನ್ಸಿನ ಆಯ್ಕೆ ಅವಳದಾದರೆ ಜಾಗದ ಆಯ್ಕೆ ತಮ್ಮದು. ತಾರಸಿಯಲ್ಲಿ ಬೇಕಾದಷ್ಟು ಬೆಳಕಿದೆ, ಹಿಂದೆ ಸರಿಯಲು ಬೇಕಾದಷ್ಟು ಜಾಗವಿದೆ. ಅಲ್ಲಿ ಗಿಡ್ಡದ್ದಕ್ಕೆ ಕೆಲಸವೇ ಇಲ್ಲ, ಉದ್ದದ್ದನ್ನು ಹಾಕಲೇಬೇಕು. ಇದು ಮೂಢನಂಬಿಕೆಯಲ್ಲ, ಬರೀ ಮುನ್ನೆಚ್ಚರಿಕೆ ಎಂದು ತಮಗೆ ತಾವೇ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟುಕೊಂಡರು. ತಾರಸಿಗೆ ಹೋಗಲು ಮೆಟ್ಟಿಲು ಹತ್ತಬೇಕು ಎನ್ನುವುದು ಉಪನ್ಯಾಸದಲ್ಲಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಗೇಟಿನಾಚೆ ಬೂದು ಸ್ಕೂಟರ್ ನಿಂತಿತು. ಎದುರುಮನೆಯವರು ರಂಗೋಲಿಯನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದರು. ಶಾಲಿನಿಗೆ ಇದು ಹೊಸದಲ್ಲ. ಈಗೀಗ ಮದುವೆಮನೆಯಲ್ಲೂ ಅವಳು ಚೀಲಕ್ಕೆ ಕೈ ಹಾಕಿದರೆ ಮುಂದಿನ ಸಾಲಿನ ಹಿರಿಯರು ಊಟದ ನೆಪ ಹೇಳಿ ಏಳುತ್ತಿದ್ದರು. ಒಳಗೆ ಬಂದವಳು ನಡುಮನೆಯ ಮಬ್ಬು ಬೆಳಕನ್ನೂ, ಜರಿ ಶಾಲು ಹೊದ್ದು ಅಜ್ಜನ ಪೇಟ ಇಟ್ಟುಕೊಂಡು ನಿಂತಿದ್ದ ದೊರೆಸ್ವಾಮಿಯವರನ್ನೂ ಒಂದು ಸಲ ನೋಡಿದಳು.

"ಮೇಲೆ ಹೋಗೋಣ. ಅಲ್ಲಿ ಜಾಗ ಇದೆ. ಉದ್ದದ್ದನ್ನೇ ಹಾಕಮ್ಮ" ಎಂದರು ದೊರೆಸ್ವಾಮಿ.

"ಮೇಲಾದ್ರೆ ಉದ್ದದ್ದೇ ಸಾರ್."

ಗೆದ್ದವರ ಹಾಗೆ ಅವರೇ ಮುಂದಾಗಿ ಹೊರಟರು. ಅಮ್ಮ ಮಗಳು ಕೆಳಗೇ ಉಳಿದರು. ದೊರೆಸ್ವಾಮಿ ಮೊದಲ ಮೆಟ್ಟಿಲುಗಳನ್ನು ದರ್ಬಾರಿಗೆ ಹೋಗುವವರಂತೆ ಹತ್ತಿದರು. ಎದೆಯ ಮೇಲೆ ಆ ಮಣೆ ಬಂತು. ಇವತ್ತು ನಿಲ್ಲಬಾರದು, ನಿಂತರೆ ಇವಳಿಗೆ ಗೊತ್ತಾಗುತ್ತದೆ ಎಂದುಕೊಂಡು ಇನ್ನೊಂದು ಮೆಟ್ಟಿಲು ಏರಿದರು. ಮಣೆಯ ಮೇಲೆ ಕೂತವರು ಭಾರವಾದರು. ನೋವು ಎಡಗೈಯ ಒಳಗೆ ಇಳಿಯಿತು, ಪೇಟದ ಕೆಳಗಿನಿಂದ ಬೆವರು ಇಳಿಯಿತು. ಮೆಟ್ಟಿಲು ತಿರುಗುವ ಕಡೆ, ಆ ಕಿಟಕಿಯ ಕೆಳಗೆ, ಅವರು ಕೂತುಬಿಟ್ಟರು.

ಯಾಕೆ ಕೂತ್ರಿ ಎಂದು ಹಿಂದಿನಿಂದ ಬಂದ ಶಾಲಿನಿ ಕೇಳಿದಳು. ತೆಂಗಿನ ಮರ ನೋಡೋಕೆ ಎಂದರು. ಅವಳೂ ಆ ಮರವನ್ನು ನೋಡಿದಳು. ಕಿಟಕಿಯ ಬೆಳಕು ಅವರ ಮುಖದ ಒಂದು ಪಕ್ಕಕ್ಕೆ ಬೀಳುತ್ತಿತ್ತು. ಇಲ್ಲೇ ತೆಗೆಸಿಕೊಳ್ಳುವ ಮನಸ್ಸಾಗಿದೆ ಎಂದುಕೊಂಡಳೋ ಏನೋ, ಚೀಲವನ್ನು ಮೆಟ್ಟಿಲ ಮೇಲಿಟ್ಟು, ಕ್ಯಾಮೆರಾದಿಂದ ಉದ್ದನೆಯ ಲೆನ್ಸನ್ನು ತಿರುಗಿಸಿ ಬಿಚ್ಚಿದಳು. ಗಿಡ್ಡನೆಯದನ್ನು ತೆಗೆದಳು. ಅದು ಟಕ್ಕೆಂದು ಕೂತುಕೊಂಡಿತು. ದೊರೆಸ್ವಾಮಿಯವರ ಕಿವಿಗೆ ಅದು ಆಚೆಯಿಂದ ಚಿಲಕ ಹಾಕಿದ ಸದ್ದು.

ಬೇಡ ಎನ್ನಲು ಉಸಿರು ಸಾಲಲಿಲ್ಲ. ಅವಳು ಒಂದೊಂದೇ ಮೆಟ್ಟಿಲು ಹತ್ತಿರ ಬಂದಳು. ಆ ಗಾಜಿನೊಳಗೆ ಪೇಟ ತೊಟ್ಟ ಪುಟ್ಟ ಮುದುಕನೊಬ್ಬ ಕೂತಿದ್ದ. ಅವಳು ಹತ್ತಿರವಾದಷ್ಟೂ ದೊಡ್ಡವನಾಗುತ್ತಿದ್ದ. ಕೈಚಾಚಿದರೆ ಸಿಗುವಷ್ಟು ಸಮೀಪ ಬಂದು ನಿಂತವಳು ಒತ್ತಲಿಲ್ಲ. ಕ್ಯಾಮೆರಾ ಇಳಿಸಿದಳು.

"ತುಟಿ ಯಾಕ್ ಸಾರ್ ಹಿಂಗ್ ನೀಲಿ ಆಗದೆ? ಎಷ್ಟ್ ದಿನದಿಂದ?"

ಗದರಬೇಕೆಂದು ಬಾಯಿ ತೆರೆದರು. ಅರಮನೆ, ಅಜ್ಜ, ಪುಸ್ತಕ ಭಂಡಾರ, ಯಾವುದೂ ಬಾಯಿಗೆ ಬರಲಿಲ್ಲ. ಅಷ್ಟು ಹತ್ತಿರದಲ್ಲಿರುವ ಮುಖಕ್ಕೆ ಸುಳ್ಳು ಹೇಳುವುದೂ ಕಷ್ಟ. ದೀಪಾವಳಿಯಿಂದ ಎಂದರು. ಮನೆಯಲ್ಲಿ ಹೇಳಿದ್ದೀರಾ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದರು.

"ನೀವ್ ಹೇಳ್ದಿದ್ರೂ ಅವ್ರಿಗೆ ಗೊತ್ತದೆ ಸಾರ್. ಗೊತ್ತಿಲ್ದಿದ್ರೆ ನನ್ನ ಯಾಕ್ ಕರಸ್ತಿದ್ರು? ಈ ಬೀದೀಲಿ ಡಾಕ್ಟ್ರನ್ನ ಕರೆಯೋಕೆ ಮುಂಚೆ ನನ್ನ ಕರೀತಾರೆ." ಅವಳ ದನಿಯಲ್ಲಿ ಸಿಟ್ಟಿತ್ತು. "ಈಗ ನೀವ್ ಕೂಗ್ತೀರೋ, ನಾನ್ ಕೂಗ್ಲೋ?"

ದೊರೆಸ್ವಾಮಿ ಮೇಲೆ ನೋಡಿದರು. ತಾರಸಿಯ ಬಾಗಿಲಿನ ಸಂದಿಯಲ್ಲಿ ಧಾರಾಳವಾದ ಬಿಸಿಲು ಕಾಣುತ್ತಿತ್ತು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಗಾರ್ಗಿ ಎಂದು ಕೂಗಿದರು. ಕೂಗು ಎನ್ನುವಷ್ಟು ಗಟ್ಟಿಯಾಗೇನೂ ಅದು ಬರಲಿಲ್ಲ, ಆದರೂ ಹೆಸರು ಮುಗಿಯುವ ಮೊದಲೇ ಗಾರ್ಗಿ ಎದುರಿಗಿದ್ದಳು, ಅವಳ ಹಿಂದೆ ಭಾನುಮತಿ. ಇಬ್ಬರೂ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. ತೆಂಗಿನ ಮರದ ಸಂಗತಿ ಅವರಿಗೆ ಮೊದಲಿನಿಂದಲೂ ತಿಳಿದಿತ್ತು. ಡಾಕ್ಟರ ಮಾತೆತ್ತಿದರೆ ಮನೆ ಹಾರಿಹೋಗುವಂತೆ ಗದರುವ ಮನುಷ್ಯ ಫೋಟೊ ಎಂದರೆ ಶಾಲು ಹೊದ್ದುಕೊಂಡು ಸಿದ್ಧನಾಗುತ್ತಾನೆ. ಅದಕ್ಕೇ ಅವರು, ಆ ಬೀದಿಯ ಎಲ್ಲರ ಹಾಗೆ, ಸುಲಭವಾದದ್ದನ್ನೇ ಮೊದಲು ಕೇಳಿದ್ದರು.

ನಪಾಸಾಗಿದ್ದ ಹುಡುಗನೇ ಓಡಿ ಬಂದ. ನಾಡಿ ಹಿಡಿದವನು ಮೇಷ್ಟ್ರ ಮುಖ ನೋಡಲಿಲ್ಲ, ಗಾರ್ಗಿಗೆ ಕಾರು ತೆಗೆಯಲು ಹೇಳಿದ. ದೊಡ್ಡಾಸ್ಪತ್ರೆಯಲ್ಲಿ ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸಿ ಸ್ಪ್ರಿಂಗಿನಂಥದ್ದನ್ನು ಕೂಡಿಸಿದರು. ಮರುದಿನ ನೋಡಲು ಬಂದ ಹಳೆಯ ವಿದ್ಯಾರ್ಥಿ, ಇನ್ನೂ ಸ್ವಲ್ಪ ತಡ ಮಾಡಿದ್ದಿದ್ದರೆ ಎಂದು ಶುರು ಮಾಡಿ ವಾಕ್ಯವನ್ನು ಅರ್ಧಕ್ಕೇ ಬಿಟ್ಟ. ಪರೀಕ್ಷೆಯಲ್ಲೂ ಅವನು ಹೀಗೇ ಅರ್ಧಕ್ಕೆ ಬಿಡುತ್ತಿದ್ದ. ದೊರೆಸ್ವಾಮಿ ಈ ಸಲ ತಿದ್ದಲಿಲ್ಲ.

ಮನೆಗೆ ಬಂದ ಮೇಲೂ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಹಿಡಿದ ಕೆಲಸ ಮುಗಿಸಲು ಶಾಲಿನಿ ಮತ್ತೆ ಬಂದಳು. ಚಪ್ಪಲಿ ಬಿಟ್ಟಳು, ಕಾಫಿ ಬೇಡವೆಂದಳು. ದೊರೆಸ್ವಾಮಿ ನಡುಮನೆಯ ಕುರ್ಚಿಯಲ್ಲಿ ಶಾಲಿಲ್ಲದೆ, ಪೇಟವಿಲ್ಲದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಅವರ ತಲೆಯ ಮೇಲೆ ಅಜ್ಜ, ಅಪ್ಪ, ಮತ್ತು ಮೊಳೆ. ಹೊಸ ವರ್ಷದ ಕ್ಯಾಲೆಂಡರನ್ನು ಯಾಕೋ ಯಾರೂ ಇನ್ನೂ ತಂದಿರಲಿಲ್ಲ. ಶಾಲಿನಿ ಚೀಲಕ್ಕೆ ಕೈ ಹಾಕಿದಳು. ಕೈಗೆ ಬಂದದ್ದು ಗಿಡ್ಡದ್ದು.

ಇವತ್ತಾದರೂ ಉದ್ದದ್ದನ್ನು ಹಾಕಬಾರದೇ ಎಂದು ಕೇಳಿದರು. ಇಲ್ಲಿ ಕತ್ತಲು, ಹಿಂದಕ್ಕೆ ಹೋದರೆ ಗೋಡೆ ಎಂದಳು. ಲೆನ್ಸು ಟಕ್ಕೆಂದು ಕೂತಿತು. ಅಡುಗೆಮನೆಯಲ್ಲಿ ಅಮ್ಮ ಮಗಳ ಮಾತು ನಿಂತಿತು. ಅವಳು ಹತ್ತಿರ, ಇನ್ನೂ ಹತ್ತಿರ ಬಂದು ಕುರ್ಚಿಯ ಮುಂದೆ ಮೊಣಕಾಲೂರಿದಳು. ಗಾಜಿನೊಳಗಿನ ಮುದುಕ ಮತ್ತೆ ದೊಡ್ಡವನಾದ. ಆಗ ದೊರೆಸ್ವಾಮಿಯವರು, ಭೌತಶಾಸ್ತ್ರದ ಮೇಷ್ಟ್ರು, ದನಿ ತಗ್ಗಿಸಿ ಕೇಳಿಯೇಬಿಟ್ಟರು.

"ಅಲ್ಲಮ್ಮ, ಆ ಉದ್ದದ್ರಲ್ಲಿ ತೆಗೆಸ್ಕೊಂಡೋರು ಸಾಯೋದಿಲ್ವಂತೆ, ಹೌದಾ?"

"ಎಲ್ರೂ ಸಾಯ್ತಾರೆ ಸಾರ್. ಗದ್ದ ಎತ್ತಿ."